ಸಂಜೆ ಏಳರ ಕಚೇರಿ

ಯಾರಾದರೂ ಸೋಮಾರಿ ಎಂದರೆ ತುಕಾರಾಮನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಸಿಟ್ಟು ಬಂತೆಂದು ಎದ್ದು ಕೂರುತ್ತಿದ್ದನೇ? ಅದೂ ಇಲ್ಲ. ಮಲಗಿದಲ್ಲೇ ಸಿಟ್ಟಾಗುತ್ತಿದ್ದ.

ಹಾಗಂತ ಅವನು ಕೆಲಸಗಳ್ಳನೇನಲ್ಲ. ಕಮಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ಹಗಲೆಲ್ಲ ಬಗ್ಗಿಸಿದ ಕತ್ತು ಎತ್ತುತ್ತಿರಲಿಲ್ಲ. ಮನೆ ಕಲಬುರಗಿಯ ಶಹಾಬಜಾರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ಬಸ್ಸು ಹತ್ತಿ ವಾಪಸು. ಹೊಸ್ತಿಲು ದಾಟಿದನೋ, ಮುಗಿಯಿತು. ಮಂಚ, ದಿಂಬು, ಮೊಬೈಲು. ಮೊಬೈಲಿನಲ್ಲಿ ನೋಡುತ್ತಿದ್ದುದೇನು ಅಂತೀರಿ? ಕೆಲಸದಿಂದ ಬಂದ ಮೇಲೆ ಸಂಜೆಯ ಹೊತ್ತನ್ನು ಹಾಳು ಮಾಡದೆ ಬಳಸಿಕೊಳ್ಳುವುದು ಹೇಗೆ ಎಂಬ ವಿಡಿಯೋಗಳು! ಕೋಟು ತೊಟ್ಟ ಒಬ್ಬಾತ ಬೆರಳು ಮುಂದೆ ಮಾಡಿ, ನಿಮ್ಮ ಸಂಜೆಯೇ ನಿಮ್ಮ ಭವಿಷ್ಯ ಎನ್ನುತ್ತಿದ್ದ. ತುಕಾರಾಮ ಮಲಗಿಕೊಂಡೇ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ. ಅಂಥವು ಆರೇಳು ನೋಡುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು.

ಅವನ ಸಂಜೆಗಾಗಿ ಕಾಯುತ್ತಿದ್ದ ಜೀವ ಒಂದಿತ್ತು. ಅವನ ತಾಯಿ ಶಿವಕಾಂತಮ್ಮ. ಅರವತ್ತೆರಡರ ಈಕೆಗೆ ಓದು ಬರಹ ಬರುತ್ತಿರಲಿಲ್ಲ. ಆಕೆಯ ಒಬ್ಬಳೇ ತಂಗಿಯನ್ನು ಕಮಲಾಪುರಕ್ಕೇ ಮದುವೆ ಮಾಡಿ ಕೊಟ್ಟಿತ್ತು. ಆ ತಂಗಿಗೆ ಮೊಣಕಾಲು ನೋವು, ಇತ್ತ ಬರುವ ಹಾಗಿಲ್ಲ. ಗಂಡ ಇದ್ದಾಗ ಶಿವಕಾಂತಮ್ಮ ಅವನ ಜೊತೆ ಹೋಗಿ ಬರುತ್ತಿದ್ದಳು. ಆತ ಹೋದ ಮೇಲೆ ಒಮ್ಮೆ ಧೈರ್ಯ ಮಾಡಿ ಒಬ್ಬಳೇ ಬಸ್ ಸ್ಟ್ಯಾಂಡಿಗೆ ಹೋದಳು. ಮೊಬೈಲಿನಲ್ಲಿ ಮುಳುಗಿದ್ದ ಯಾರೋ ಒಬ್ಬನನ್ನು ಕಮಲಾಪುರದ ಬಸ್ಸು ಇದೇ ಏನಪ್ಪಾ ಎಂದು ಕೇಳಿದರೆ, ಅವನು ಕತ್ತೆತ್ತದೆ ಹ್ಞೂಂ ಎಂದ. ಆ ಬಸ್ಸು ಜೇವರ್ಗಿಗೆ ಹೋಯಿತು. ಬೋರ್ಡು ಕಾಣಲಿಲ್ಲವೇನಮ್ಮ ಎಂದು ಪಕ್ಕದವರು ಕೇಳಿದಾಗ, ಓದಲು ಬರುವುದಿಲ್ಲ ಎನ್ನಲು ನಾಚಿ, ಜೇವರ್ಗಿಯಲ್ಲೇ ಕೆಲಸವಿದೆ ಎಂದು ಸುಳ್ಳು ಹೇಳಿದ್ದಳು. ಆ ನಾಚಿಕೆ ಇನ್ನೂ ಎದೆಯಲ್ಲಿ ಹಾಗೇ ಕೂತಿತ್ತು.

"ದಿನಾ ನಾ ಕಮಲಾಪುರಕ್ಕೇ ಹೋಗ್ತೀನಲ್ಲವ್ವ, ನನ್ನ ಸಂಗಟ ಬಾ," ಎಂದರೆ ಆಕೆ ಒಪ್ಪಲಿಲ್ಲ.

"ನಿನ್ನ ಊಟದ ಡಬ್ಬಿ ಹಂಗ ಮುಂಜಾನೆ ಒಯ್ದು ಸಂಜೀಕ ತರ್ತೀ ಏನು ನನ್ನ? ನಂಗ ಮನಸಾದಾಗ ಹೋಗಬೇಕು, ಮನಸಾದಾಗ ಬರಬೇಕು. ಹೆಣ್ಮಕ್ಕಳಿಗಿ ಬಸ್ಸು ಪುಕ್ಕಟೆ ಮಾಡ್ಯಾರ ಖರೇ, ಬೋರ್ಡು ಓದಿ ಹೇಳವ್ರು ಯಾರು? ಕಣ್ಣು ಛಲೋ ಇದ್ದಾಗನ ಅಷ್ಟು ಕಲಿಸಿಬಿಡಪ್ಪ."

ಆಯ್ತವ್ವ, ನಾಳೆಯಿಂದ, ಎಂದ ತುಕಾರಾಮ. ಈ ನಾಳೆ ಒಂದು ವರ್ಷ ನಡೆಯಿತು.

ಕೊನೆಗೆ ಒಂದು ಭಾನುವಾರ ಅವನಿಗೆ ಜ್ಞಾನೋದಯವಾಯಿತು. ಕಚೇರಿಯಲ್ಲಿ ಹುಲಿಯಂತೆ ದುಡಿಯುವ ತಾನು ಮನೆಯಲ್ಲಿ ಯಾಕೆ ಹೀಗೆ? ಅಲ್ಲಿ ಹಾಜರಿ ಪುಸ್ತಕವಿದೆ, ಗಂಟೆಯಿದೆ, ತಲೆಯ ಮೇಲೊಬ್ಬ ಸಾಹೇಬನಿದ್ದಾನೆ. ಮನೆಯಲ್ಲಿ ಇವು ಯಾವುವೂ ಇಲ್ಲ. ಅಂದಮೇಲೆ ಮೈ ಹೇಗೆ ಬಗ್ಗೀತು? ಆದ್ದರಿಂದ ಮನೆಯಲ್ಲೇ ಸಂಜೆ ಏಳರಿಂದ ಎಂಟೂವರೆಯವರೆಗೆ ಒಂದು ಕಚೇರಿ ತೆರೆಯುವುದು. ಕಚೇರಿಯ ಕೆಲಸ ಅವ್ವನಿಗೆ ಓದು ಕಲಿಸುವುದು. ಸಿಬ್ಬಂದಿ ತುಕಾರಾಮ. ಸಾಹೇಬ ಯಾರು? ಮನೆಯಲ್ಲಿ ಅವನಿಗಿಂತ ದೊಡ್ಡವರು ಒಬ್ಬರೇ.

"ನಾ ಸಾಹೇಬ?" ಎಂದಳು ಶಿವಕಾಂತಮ್ಮ. "ಕಲಿಯಾಕಿ ನಾನು, ಸಾಹೇಬನೂ ನಾನ?"

"ಮ್ಯಾಲ ಒಬ್ರು ಇಲ್ದಿದ್ರ ನನ್ನ ಕೈಲಿಂದ ಕೆಲ್ಸ ಆಗಂಗಿಲ್ಲವ್ವ. ಸರಕಾರಿ ಮೈ ಇದು."

ಹೆಂಡತಿ ವಿಜಯಶ್ರೀ ಒಳಗಿನಿಂದ, "ತಲಿ ಕೆಟ್ಟದ," ಎಂದಳು. ಯಾರ ತಲೆ ಎಂದು ಹೇಳಲಿಲ್ಲ.

ಮರುದಿನವೇ ಮೇಜು ಬಂತು, ಕೈಯುಳ್ಳ ಕುರ್ಚಿ ಬಂತು, ಒತ್ತಿದರೆ ಟಣ್ ಎನ್ನುವ ಗಂಟೆ ಬಂತು. ಪಕ್ಕದ ಮನೆಯ ಮಜರ್ ಚಾಚಾನೂ ಬಂದ. ಮೂವತ್ತೆರಡು ವರ್ಷ ಒಂದು ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾದ ಮನುಷ್ಯ. ಗಂಟೆಯ ಸದ್ದು ಕೇಳದೆ ಎರಡು ವರ್ಷದಿಂದ ನಿದ್ದೆಯೇ ಸರಿಯಾಗಿರಲಿಲ್ಲವಂತೆ. ಟಣ್ ಎಂದದ್ದೇ ತಡ, ಹಳೆಯ ಖಾಕಿ ಅಂಗಿ ಹಾಕಿಕೊಂಡು ಓಡಿ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತುಬಿಟ್ಟ. ಕರೆದವರೂ ಇಲ್ಲ, ಬೇಡ ಎಂದವರೂ ಇಲ್ಲ.

ಮೊದಲ ದಿನವೇ ತುಕಾರಾಮ ಮುಕ್ಕಾಲು ಗಂಟೆ ತಡ.

"ಬಸ್ಸು ಲೇಟ್ ಆತವ್ವ..."

"ಸಾಹೇಬ್ರ ಮುಂದ ಬಾಯಿಮಾತು ನಡ್ಯಂಗಿಲ್ರೀ," ಎಂದು ಮಜರ್ ಎದ್ದು ನಿಂತ. "ತಡ ಆದ್ರ ಲಿಖಿತದಾಗ ಕೈಫಿಯತ್ತು ಕೊಡಬೇಕು. ಕಾಯ್ದೆ ಅದ."

ಕಾಯ್ದೆ ಎಂದ ಕೂಡಲೇ ತುಕಾರಾಮನ ಬೆನ್ನು ನೆಟ್ಟಗಾಯಿತು. ಅಚ್ಚುಕಟ್ಟಾಗಿ ಬರೆದ: ಕಮಲಾಪುರದ ಬಸ್ಸು ತಡವಾಗಿ ಬಂದಿದ್ದರಿಂದ ವಿಳಂಬವಾಗಿದೆ, ಮನ್ನಿಸಬೇಕಾಗಿ ವಿನಂತಿ. ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು, ಏಕೆಂದರೆ ಕರಡು ಮಾಡಿ ಆಮೇಲೆ ಶುದ್ಧ ಪ್ರತಿ ತೆಗೆದ. ಸಾಹೇಬರಿಗೆ ಓದಲು ಬಾರದ್ದರಿಂದ ಮಜರ್ ಪಕ್ಕದಲ್ಲಿ ನಿಂತು ಒಂದೊಂದು ಪದದ ಕೆಳಗೂ ಬೆರಳಿಟ್ಟು, ಎಳೆದೆಳೆದು ಓದಿ ಹೇಳಿದ. ಅವನಿಗೂ ಓದು ಅಷ್ಟಕ್ಕಷ್ಟೇ. ಶಿವಕಾಂತಮ್ಮ ಆ ಬೆರಳನ್ನೇ ನೋಡುತ್ತಾ ಕೇಳಿ, ಹೆಬ್ಬೆಟ್ಟು ಒತ್ತಿದಳು. ಅಷ್ಟರಲ್ಲಿ ಎಂಟೂವರೆ. ಪಾಠ ಮುಂದಕ್ಕೆ ಹೋಯಿತು.

ಮುಂದಕ್ಕೆ ಅಂದರೆ ಎಷ್ಟು ಮುಂದಕ್ಕೆ! ತುಕಾರಾಮನಿಗೆ ಈ ಕಚೇರಿ ಮೆಚ್ಚುಗೆಯಾಗಿಬಿಟ್ಟಿತು. ಹಾಜರಿ ಪುಸ್ತಕ, ಬಂದ ಕಾಗದಕ್ಕೆ ಆವಕ ಪುಸ್ತಕ, ಹೋದ ಕಾಗದಕ್ಕೆ ಜಾವಕ ಪುಸ್ತಕ, ಕಡತಕ್ಕೊಂದು ನಂಬರು. ಅಡುಗೆಮನೆಗೆ ಹೋಗುವ ದಾರಿ ಕಚೇರಿಯ ನಡುವೆಯೇ ಇದ್ದುದರಿಂದ ವಿಜಯಶ್ರೀ ಚೀಟಿ ಕಳಿಸದೆ ಒಳಗೆ ಹೋಗುವಂತಿರಲಿಲ್ಲ. ಮೂರನೆಯ ದಿನ ಆಕೆ ಚೀಟಿಯಲ್ಲಿ, ಬ್ಯಾಳಿ ಸೀಯಾಕತ್ತದ, ಎಂದು ಬರೆದಳು. ಮಜರ್ ಬೆರಳಿಟ್ಟು ಓದಿ ಮುಗಿಸುವಷ್ಟರಲ್ಲಿ ಅದು ಸೀದೇ ಹೋಗಿತ್ತು.

ಬಾಗಿಲಲ್ಲಿ ಖಾಕಿ ಅಂಗಿ ಕಂಡರೆ ಜನ ಸುಮ್ಮನಿರುತ್ತಾರೆಯೇ? ಓಣಿಯವರು ಅರ್ಜಿ ಹಿಡಿದು ಬರತೊಡಗಿದರು. ತಮ್ಮ ಅಂಗಳದ ಬಟ್ಟೆಯನ್ನು ಆಡು ತಿಂದಿದೆ ಎಂದು ಒಬ್ಬರು. ಆಡಿನ ಕಡೆಯಿಂದ ಇನ್ನೊಬ್ಬರು. ಮಾಪಣ್ಣನೆಂಬ ಮುದುಕ, ಹೆಂಡತಿ ಎಂಟು ದಿನದಿಂದ ಮಾತು ಬಿಟ್ಟಿದ್ದಾಳೆ, ಮಾತಾಡುವಂತೆ ಆದೇಶ ಹೊರಡಿಸಬೇಕು ಎಂದು ಬೇಡಿಕೊಂಡ. ಸಾಹೇಬರು ಹದಿನೈದು ದಿನದ ಮಾತು ಮಂಜೂರು ಮಾಡಿದರು. ಆಶ್ಚರ್ಯವೆಂದರೆ ಆಕೆ ಮಾತಾಡಿದಳು. ಹದಿನಾರನೆಯ ದಿನ ಮಾಪಣ್ಣನೇ ಓಡಿ ಬಂದು, ಮುಂದುವರಿಸಬ್ಯಾಡ್ರಿ ಎಂದು ಇನ್ನೊಂದು ಅರ್ಜಿ ಕೊಟ್ಟ. ಇಷ್ಟು ದೊಡ್ಡ ಕುರ್ಚಿಯಲ್ಲಿ ಕೂತು ಹೆಬ್ಬೆಟ್ಟು ಒತ್ತುವುದು ಚೆಂದವಲ್ಲ ಎಂದು ಮಜರ್ ಹೇಳಿದ್ದಕ್ಕೆ ಶಿವಕಾಂತಮ್ಮ ಮಧ್ಯಾಹ್ನದ ಹೊತ್ತು ಕೈಫಿಯತ್ತುಗಳನ್ನು ಮುಂದಿಟ್ಟುಕೊಂಡು ಏನೋ ಗೀಚುತ್ತಿದ್ದಳು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಇಷ್ಟೆಲ್ಲ ಆದರೂ ತುಕಾರಾಮ ಏಳಕ್ಕೆ ಬಂದ ದಿನವಿಲ್ಲ. ಬಸ್ಸು ಪಾಪ, ಸರಿಯಾಗಿಯೇ ಬರುತ್ತಿತ್ತು. ಇವನೇ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು, ಶಿಸ್ತಿನ ಬಗೆಗಿನ ವಿಡಿಯೋ ನೋಡುತ್ತಿದ್ದ. ಆಮೇಲೆ ಮನೆಗೆ ಬಂದು ಅದೇ ವಾಕ್ಯ ಬರೆಯುತ್ತಿದ್ದ. ಕಮಲಾಪುರದ ಬಸ್ಸು ತಡವಾಗಿ ಬಂದಿದ್ದರಿಂದ. ಎರಡು ತಿಂಗಳಲ್ಲಿ ನಲವತ್ತೊಂದು ಕೈಫಿಯತ್ತು. ನಲವತ್ತೊಂದು ಸಲ ಮಜರ್ ಬೆರಳಿಟ್ಟು ಓದಿದ. ನಲವತ್ತೊಂದು ಸಲ ಸಾಹೇಬರು ನೋಡಿದರು. ಅ ಆ ಇ ಈ ಮಾತ್ರ ಇನ್ನೂ ಶುರುವಾಗಿರಲಿಲ್ಲ.

ಒಂದು ಸಂಜೆ ಅರ್ಜಿದಾರರೆಲ್ಲ ಹೋದ ಮೇಲೆ ಶಿವಕಾಂತಮ್ಮ ಕುರ್ಚಿಯಿಂದ ಏಳಲಿಲ್ಲ. ತಂಗಿಗೆ ಜ್ವರ ಬಂದು ನಾಲ್ಕು ದಿನವಾಗಿತ್ತು. ಆ ಸುದ್ದಿ ಫೋನಿನಲ್ಲಿ ಅವತ್ತು ಬಂದಿತ್ತು.

"ತುಕಾ," ಎಂದಳು. "ನಂಗ ಸಾಹೇಬ ಆಗೋದು ಬೇಕಾಗಿದ್ದಿಲ್ಲೋ. ಬೋರ್ಡು ಓದೋದು ಬೇಕಾಗಿತ್ತು. ನೀ ಆಟಾ ಹೂಡಿದಿ, ನಾನೂ ಕುಂತೆ. ಎರಡು ತಿಂಗಳು ಕುಂತೆ. ನಿಂಗ ಅವ್ವನ ಮ್ಯಾಲ ಸ್ವಲ್ಪರ ಕಾಳಜಿ ಅದ ಏನು?"

ತುಕಾರಾಮ ತೆರೆದ ಕಡತವನ್ನು ಮುಚ್ಚಿಟ್ಟ. ರಾತ್ರಿ ಊಟ ಸೇರಲಿಲ್ಲ. ಮೊಬೈಲು ತೆಗೆದರೆ ಕೋಟಿನ ಮನುಷ್ಯ ಬೆರಳು ಮುಂದೆ ಮಾಡಿದ. ಮೊದಲ ಸಲ ಅವನ ಮೇಲೆ ಸಿಟ್ಟು ಬಂತು, ಮೊದಲ ಸಲ ತುಕಾರಾಮ ಎದ್ದು ಕೂತು ಸಿಟ್ಟಾದ.

ಮರುದಿನ ಕಮಲಾಪುರದಲ್ಲಿ ಒಂದು ತಾಸು ಮೊದಲೇ ಪರವಾನಗಿ ಪಡೆದು ಹೊರಟ. ಕಲಬುರಗಿಗೆ ಇಳಿದವನು ಚಹಾದಂಗಡಿಯ ಕಡೆ ಮುಖವನ್ನೂ ತಿರುಗಿಸಲಿಲ್ಲ. ಒಂದು ಪಾಟಿ, ಬಳಪದ ಡಬ್ಬಿ, ದೊಡ್ಡ ಅಕ್ಷರದ ಅಂಕಲಿಪಿ ಕೊಂಡ. ಬಿರಬಿರನೆ ಮನೆಗೆ ಬಂದಾಗ ಆರೂ ನಲವತ್ತು! ಇವತ್ತು ಅವ್ವನಿಗೆ ಕಮಲಾಪುರ ಎಂಬ ಐದು ಅಕ್ಷರವನ್ನಾದರೂ ಕಲಿಸಿಯೇ ಏಳುವುದು, ನಾಳೆ ತಾನೇ ರಜೆ ಹಾಕಿ ಚಿಕ್ಕಮ್ಮನ ಮನೆಗೆ ಕರೆದೊಯ್ಯುವುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದ.

ಕುರ್ಚಿ ಖಾಲಿಯಿತ್ತು. ಮಜರ್ ಸ್ಟೂಲಿನಿಂದ ಎದ್ದು ಸಲಾಮು ಹೊಡೆದ.

"ಸಾಹೇಬ್ರು ಊರ ಹೊರಗ ದೌರಾದ ಮ್ಯಾಲ ಹೋಗ್ಯಾರ್ರೀ."

"ಎಲ್ಲಿಗಿ? ಯಾರ ಸಂಗಟ?"

"ಒಬ್ರ ಹೋದ್ರು. ಆಧಾರ್ ಕಾರ್ಡು ತಗೊಂಡು, ಮೂರು ಗಂಟೇಕ. ನಾ ಬರ್ತೀನ್ರೀ ಅಂದ್ರ ಬ್ಯಾಡ ಅಂದ್ರು. ನಿಮಗ ಈ ಕಾಗದ ಕೊಡಂದಾರ."

ಕಾಗದದಲ್ಲಿ ದೊಡ್ಡ ದೊಡ್ಡ ಅಕ್ಷರ. ಒಂದೊಂದೂ ಒಂದೊಂದು ಕಡೆ ವಾಲಿತ್ತು. ಕಮಲಾಪುರದ ಬಸ್ಸು ಬಂದಿದ್ದರಿಂದ ಮನ್ನಿಸಬೇಕಾಗಿ ವಿನಂತಿ. ಅಷ್ಟೇ. ಅದು ತುಕಾರಾಮನದೇ ವಾಕ್ಯ. ತಡವಾಗಿ ಎಂಬುದನ್ನೂ ವಿಳಂಬವನ್ನೂ ಆಕೆ ಬಿಟ್ಟಿದ್ದಳು.

"ನೀವು ಬರ್ದು ಕೊಟ್ರೇನು ಚಾಚಾ?"

"ಖುದಾ ಕಸಂ, ಮುಟ್ಟಿಲ್ರೀ. ದಿನಾ ನೀವ ಕಲಿಸಿದ್ದು," ಎಂದ ಮಜರ್. ಪಾಪ, ಅವನು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದ.

ತುಕಾರಾಮನಿಗೆ ಹಿಗ್ಗು ಬಂತು, ಅದರ ಬೆನ್ನಿಗೇ ಅಳು ಬಂತು. ಮಗ ಬರೆದ ಸುಳ್ಳನ್ನು ಕೂಡಿಸಿ ಕೂಡಿಸಿ ತಾಯಿ ಓದು ಕಲಿತಿದ್ದಳು. ಪಾಟಿಯನ್ನು ಮೇಜಿನ ಮೇಲಿಟ್ಟು ಹಾಜರಿ ಪುಸ್ತಕ ತೆರೆದ. ಇವತ್ತಿನ ತಾರೀಖಿನ ಮುಂದೆ ಅದೇ ಸೊಟ್ಟ ಅಕ್ಷರದಲ್ಲಿ, ತಡ, ಎಂದು ಆಗಲೇ ಬರೆದಿತ್ತು. ಮೂರು ಗಂಟೆಗೇ ಬರೆದು ಹೋಗಿದ್ದಳು.

"ಇದನ್ನ ತಿದ್ರಿ ಚಾಚಾ. ಇವತ್ತು ನಾ ಟೈಮಿಗಿಂತ ಮೊದಲ ಬಂದೀನಿ. ನೀವ ನೋಡೀರಲ್ಲ."

"ಸಾಹೇಬ್ರು ಬರೆದಿದ್ದು ಜವಾನ ಹ್ಯಾಂಗ ತಿದ್ದಲಿರೀ? ಅವರ ಬರಬೇಕು."

ಅಷ್ಟರಲ್ಲಿ ಫೋನು. ಚಿಕ್ಕಮ್ಮನ ನಂಬರು. ಆದರೆ ಮಾತಾಡಿದ್ದು ಅವ್ವ. ಹಿಂದೆ ಚಿಕ್ಕಮ್ಮನ ಕೆಮ್ಮು, ಅದರ ನಡುವೆ ನಗು ಕೇಳುತ್ತಿತ್ತು.

"ಮುಟ್ಟೀನೋ. ಜ್ವರ ಇಳದದ. ಮೂರು ಬಸ್ಸು ಬಿಟ್ಟು ನಾಕನೇದು ಹತ್ತಿದೆ. ಯಾರನ್ನೂ ಕೇಳಲಿಲ್ಲ. ಒಬ್ಬಾಕಿ ನನ್ನ ಕೇಳಿದ್ಲು, ಇದು ಎಲ್ಲಿಗಿ ಹೋಗ್ತದ ಅಂತ. ಹೇಳಿದೆ." ಆಮೇಲೆ, "ನೀ ಎಲ್ಲಿದ್ದಿ?" ಎಂದಳು.

"ಮನ್ಯಾಗ ಇದ್ದೀನವ್ವ. ಆರೂ ನಲವತ್ತಕ್ಕ ಬಂದೀನಿ. ಪಾಟಿ ತಂದೀನಿ. ಇವತ್ತಿಂದ ಖರೇನ ಕಲಿಸ್ತೀನಿ ನಿಂಗ. ನಿನ್ನಾಣೆ."

ಆ ಕಡೆ ಶಿವಕಾಂತಮ್ಮ ಸಾಹೇಬರ ದನಿ ತೆಗೆದಳು.

"ಬಾಯಿಮಾತು ನಡ್ಯಂಗಿಲ್ಲಪ್ಪ," ಎಂದಳು. "ಬರ್ದಿಡು. ಬಂದು ಓದ್ತೀನಿ."