ಹತ್ತಿರದ ಸಂಬಂಧಿಯ ಸಹಿ

ಜಲಜಮ್ಮ ಯಾವ ದಿನ ಸಹಿ ಹಾಕಬೇಕು ಎನ್ನುವುದು ಆ ವರ್ಷ ಹರಿಹರಪುರದ ಮಟ್ಟಿಗೆ ಅತ್ಯಂತ ಗಂಭೀರವಾದ ಪ್ರಶ್ನೆಯಾಗಿತ್ತು. ಪಂಚಾಯ್ತಿ ಚುನಾವಣೆಯೂ ಅಡಿಕೆಯ ಎಲೆಚುಕ್ಕಿ ರೋಗವೂ ಅದರ ನಂತರದ ಸ್ಥಾನದಲ್ಲಿದ್ದವು. ಕಡೇಪಕ್ಷ ವಾಸಪ್ಪನ ಜಗಲಿಯಲ್ಲಿ. ವಾಸಪ್ಪ ಆ ಕಾಗದವನ್ನು ತಿಂಡಿ ತಟ್ಟೆಯ ಪಕ್ಕ ಹರಡಿ, ಹಾರಿಹೋಗದಂತೆ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು, ಭರಣಿಯ ಮುಚ್ಚಳದ ಮೇಲೆ ಪೆನ್ನಿಟ್ಟು, ಹೆಂಡತಿಯ ಮುಖ ನೋಡಿದ.

"ಎಂತ ನೋಡ್ತೀರಿ? ಆಷಾಢ ಅಲ್ವಾ ಈಗ?" ಎಂದಳು ಜಲಜಮ್ಮ.

"ಆಷಾಢದಲ್ಲಿ ಮದುವೆ ಮಾಡಬಾರ್ದು ಮಾರಾಯ್ತಿ. ಸಹಿ ಹಾಕಬಾರ್ದು ಅಂತ ಯಾವ ಪಂಚಾಂಗದಲ್ಲಿ ಬರ್ದಿದೆ?"

"ಸಾಯೋದಕ್ಕೆ ಅರ್ಜಿ ಹಾಕಿ ಅಂತ ಯಾವ ಪಂಚಾಂಗದಲ್ಲಿ ಬರ್ದಿದೆ?"

ವಾಸಪ್ಪ ದೋಸೆ ಮುರಿದ. ಮೂವತ್ತನಾಲ್ಕು ವರ್ಷ ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಬಸ್ಸು ಓಡಿಸಿದವನು ಅವನು. ಎದುರಿಗೆ ಲಾರಿ ಬಂದರೆ ಯಾರು ಹಿಂದೆ ಸರಿಯಬೇಕು ಎಂಬುದನ್ನು ಮುಖ ನೋಡಿಯೇ ತೀರ್ಮಾನಿಸಬಲ್ಲವನಾಗಿದ್ದ. ಇಲ್ಲಿ ಹಿಂದೆ ಸರಿಯಬೇಕಾದವನು ತಾನೇ ಎಂಬುದು ಅವನಿಗೆ ಗೊತ್ತಾಯಿತು.

ದೇಹದಾನದ ಯೋಚನೆ ಅವನಿಗೆ ಯಾವ ಭಾಷಣದಿಂದಲೂ ಬಂದದ್ದಲ್ಲ. ಅವನು ನಿವೃತ್ತನಾದ ಮರುವರ್ಷ ಅವನ ಬಸ್ಸನ್ನೂ ಗುಜರಿಗೆ ಹಾಕಿದರು. ಕೊನೆಯ ಸಲ ನೋಡಿ ಬರೋಣವೆಂದು ಹೋದವನು ಸಂಜೆಯವರೆಗೆ ಅಲ್ಲೇ ಕೂತಿದ್ದ. ಎಂಜಿನ್ನು ಒಬ್ಬ ಒಯ್ದ, ಗೇರ್‌ಬಾಕ್ಸು ಇನ್ನೊಬ್ಬ. ಸೀಟುಗಳು ಯಾವುದೋ ಹೋಟೆಲ್ಲಿಗೆ ಹೋದವು. ಮನೆಗೆ ಬಂದು ಕೈಕಾಲು ತೊಳೆಯುತ್ತ ಅವನು ಹೇಳಿದ್ದು ಇಷ್ಟು: "ಜಲಜಾ, ಕರ್ಟನ್ನು ಸಹಿತ ಬಿಡ್ಲಿಲ್ಲ ಮಾರಾಯ್ತಿ. ಮನುಷ್ಯನ್ನ ಮಾತ್ರ ನಾವು ಇಡೀ ಗಾಡಿ ಹಂಗೆ ಸುಟ್ಟುಬಿಡ್ತೀವಿ. ನನ್ನ ಕಣ್ಣು ನೋಡು, ಇನ್ನೂ ಕನ್ನಡಕ ಇಲ್ಲ."

ಅರ್ಜಿ ತಂದವನು ಯಶವಂತ. ಅದೇ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರಾಗಿದ್ದವನು. ಈಗಲೂ ಏನನ್ನು ಓದಿದರೂ ಸ್ಟಾಪು ಕೂಗಿದಂತೆ ಓದುತ್ತಿದ್ದ. ಕೊಪ್ಪದಲ್ಲಿ ನಡೆದ ಯಾವುದೋ ಶಿಬಿರದಲ್ಲಿ ಸಿಕ್ಕಿದ ಮೆಡಿಕಲ್ ಕಾಲೇಜಿನ ಆ ಕಾಗದವನ್ನು ಜಗಲಿಯಲ್ಲಿ ನಿಂತು ಓದಿದ: "ಇಬ್ಬರು ಸಾಕ್ಷಿ. ಒಬ್ಬರು ಹತ್ತಿರದ ಸಂಬಂಧಿ ಆಗಿರತಕ್ಕದ್ದು. ಗಂಡ, ಹೆಂಡತಿ, ಮಗ, ಮಗಳು, ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಅಜ್ಜ ಅಜ್ಜಿ, ಮೊಮ್ಮಕ್ಕಳು." ಓದಿ ಮುಗಿಸಿ, ಕಾಗದವನ್ನು ಮಗುಚಿ ಹಿಂಬದಿಯನ್ನೂ ನೋಡಿದ. "ಕಂಡಕ್ಟರ್ ಇಲ್ಲ ನೋಡು ವಾಸಣ್ಣ."

"ನೀನು ಎರಡನೇ ಸಾಕ್ಷಿಗೆ ಹಾಕು. ಯಾವತ್ತಿದ್ರೂ ಹಿಂದಿನ ಬಾಗಿಲೇ ಅಲ್ವನಾ ನಿಂದು."

ಯಶವಂತ ಅಲ್ಲೇ ಹಾಕಿದ. ಮೊದಲ ಸಾಕ್ಷಿಗೆ ಮಾತ್ರ ಆಯ್ಕೆಯೇ ಇರಲಿಲ್ಲ. ದಂಪತಿಗೆ ಮಕ್ಕಳಿಲ್ಲ, ವಾಸಪ್ಪನ ಒಡಹುಟ್ಟಿದವರು ಯಾರೂ ಉಳಿದಿರಲಿಲ್ಲ, ದಾಯಾದಿಗಳನ್ನು ಆ ಪಟ್ಟಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಉಳಿದವಳು ಜಲಜಮ್ಮ ಒಬ್ಬಳು.

ಅವಳು ಆಗುವುದಿಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ಆಷಾಢ ಕಳೆಯಿತು. ಶ್ರಾವಣದಂಥ ಒಳ್ಳೇ ತಿಂಗಳಲ್ಲಿ ಸಾವಿನ ಕಾಗದ ಮುಟ್ಟುವುದುಂಟೇ? ಗೌರಿ ಹಬ್ಬದಲ್ಲಿ ಮುತ್ತೈದೆಯ ಕೈಯಲ್ಲಿ ಅದನ್ನು ಬರೆಸುವವರುಂಟೇ? ಪಿತೃಪಕ್ಷದಲ್ಲಿ ಹಾಕಿದರೆ ಪಿತೃಗಳು ಅದು ತಮಗೇ ಬರೆದ ಅರ್ಜಿ ಎಂದುಕೊಳ್ಳುವ ಅಪಾಯವಿತ್ತು. ಅಷ್ಟರಲ್ಲಿ ಹತ್ತಿರದ ನಾರ್ವೆ ಊರಿನ ದಾಯಾದಿಗಳ ಮನೆಯಲ್ಲೊಂದು ಮಗು ಹುಟ್ಟಿ ಹತ್ತು ದಿನ ಪುರುಡು. ಭೂಮಿ ಹುಣ್ಣಿಮೆಗೆ ಬಸುರಿ ಗದ್ದೆಗೆ ಬಯಕೆಯ ಅಡಿಗೆ ಮಾಡಬೇಕು, ನೂರೊಂದು ಕುಡಿ ಸೊಪ್ಪು ಹುಡುಕಬೇಕು. ಪೆನ್ನು ಹಿಡಿಯಲು ಯಾರಿಗೆ ಪುರುಸೊತ್ತು?

"ನಿನ್ನ ಸಹಿಗಿಂತ ಶೃಂಗೇರಿ ರಸ್ತೆ ಬೇಗ ರಿಪೇರಿ ಆಗ್ತದೆ" ಎಂದ ವಾಸಪ್ಪ.

ಹುಣ್ಣಿಮೆಯ ದಿನ ಆ ಅಡಿಗೆಯನ್ನು ಚರಗವೆಂದು ಪೈರಿಗೆ ಬೀರಿ ಗದ್ದೆಯಿಂದ ವಾಪಸು ಬರುವಾಗ, ಅಂಚಿನ ಮೇಲೆ ಅವಳು ಮುಂದೆ, ಅವನು ಹಿಂದೆ. ಮುಖ ಕಾಣಿಸದಿದ್ದುದರಿಂದಲೋ ಏನೋ ಅವಳು ನಿಜ ಹೇಳಿದಳು. "ನಾನು ಸಹಿ ಹಾಕಿದ್ರೆ, ಹೋಗಿ ಅಂತ ನಾನೇ ರೈಟ್ ಹೇಳಿದ ಹಂಗೆ ಆಗ್ತದಲ್ಲ."

ಹಿಂದಿನಿಂದ ವಾಸಪ್ಪ ಹೇಳಿದ: "ರೈಟ್ ಹೇಳದೆ ನಾನು ಯಾವತ್ತಾದ್ರೂ ಗಾಡಿ ಎತ್ತಿದೀನನೇ?"

"ದೀವಳಿಗೆ ಕಳೀಲಿ. ಖಂಡಿತ ಹಾಕ್ತೀನಿ."

ದೀಪಾವಳಿಗೆ ಆರು ದಿನ ಇರುವಾಗ ವಾಸಪ್ಪ ತೀರಿಕೊಂಡ. ಅವನ ಮನೆ ರಸ್ತೆಯ ತಿರುವಿನ ಪಕ್ಕದಲ್ಲೇ. ಆ ದಾರಿಯ ಡ್ರೈವರುಗಳೆಲ್ಲ ಅಲ್ಲಿಗೆ ಬಂದಾಗ ಒಂದು ಚಿಕ್ಕ ಹಾರನ್ನು ಹಾಕುವುದು ಪದ್ಧತಿ. ವಾಸಪ್ಪ ಜಗಲಿಯಿಂದ ಕೈಯೆತ್ತುವುದೂ ಪದ್ಧತಿ. ಅಂದು ಬೆಳಿಗ್ಗೆ ಎಂಟೂಕಾಲರ ಬಸ್ಸು ಹಾರನ್ನು ಹಾಕಿತು, ಕೈ ಏಳಲಿಲ್ಲ. ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಬಂದ. ಹಿಂದಿನಿಂದ ಪ್ರಯಾಣಿಕರೂ ಇಳಿದು ಬಂದರು. ಬಸ್ಸು ಬರುವ ಹತ್ತು ನಿಮಿಷ ಮೊದಲೇ ಹೃದಯ ನಿಂತಿರಬಹುದು ಎಂದು ಆಸ್ಪತ್ರೆಯಿಂದ ಬಂದ ಡಾಕ್ಟರು ಬರೆದುಕೊಟ್ಟರು.

ಒಂಬತ್ತೂವರೆಗೆ ಯಶವಂತ ಬಂದ. ಕಂಬ ಹಿಡಿದು ನಿಂತು ಅತ್ತ. ಆಮೇಲೆ ಜಲಜಮ್ಮನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ. "ಅತ್ತಿಗೆ, ಕಾಲೇಜಿಗೆ ಫೋನ್ ಮಾಡ್ಲಾ? ಕಣ್ಣಿಗೆ ಜಾಸ್ತಿ ಹೊತ್ತಿಲ್ಲ ಅಂತಾರೆ."

ಜಲಜಮ್ಮ ಎದ್ದು ಒಳಗೆ ಹೋಗಿ ಕಾಗದ ತಂದಳು. ಅದರ ನಡುವೆ ಭರಣಿಯ ಎಣ್ಣೆಯ ಗುರುತು ಉಂಗುರದಂತೆ ಕೂತಿತ್ತು. ನಾರ್ವೆಯ ಶ್ರೀನಿವಾಸ ಕೈಚಾಚಿ ಅದನ್ನು ತೆಗೆದುಕೊಂಡ. ದಾಯಾದಿಗಳಲ್ಲಿ ಹಿರಿಯ, ಒಂದು ಬೇಲಿಯ ವಿಷಯಕ್ಕೆ ಹದಿನೇಳು ವರ್ಷ ಕೋರ್ಟಿಗೆ ಅಲೆದು, ಬೇಲಿಯನ್ನು ಕಳೆದುಕೊಂಡರೂ ಕಾನೂನನ್ನು ಸಂಪಾದಿಸಿದವನು.

"ಇದರಲ್ಲಿ ಹೆಂಡತಿ ಸಹಿ ಎಲ್ಲಿದೆ?" ಎಂದ.

ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಸಹಿ ಇಲ್ದಿದ್ದ ಅರ್ಜಿ ಅರ್ಜಿನೇ ಅಲ್ಲ. ನಡೆಯಲ್ಲ ಇದು."

"ಈಗ ಹಾಕಿದ್ರೆ?" ಎಂದ ಯಶವಂತ.

"ಈಗ ಹಾಕಿದ್ರೆ ಕಳ್ಳ ಕಾಗದ ಆಗ್ತದೆ. ಮನುಷ್ಯ ಹೋದ್ಮೇಲೆ ಸಾಕ್ಷಿ ಹಾಕ್ತಾರನಾ? ಆ ಹೆಂಗಸನ್ನ ಸ್ಟೇಷನ್ನಿಗೆ ಹತ್ತಿಸ್ಬೇಕು ಅಂತ ಮಾಡಿದೀಯನಾ?"

ಯಶವಂತ ಫೋನು ಕೈಯಲ್ಲೇ ಹಿಡಿದುಕೊಂಡು ಜಲಜಮ್ಮನನ್ನು ನೋಡಿದ. ಕಾಗದದ ಕೆಳಗೆ ಕಾಲೇಜಿನ ನಂಬರು ದಪ್ಪ ಅಕ್ಷರದಲ್ಲಿತ್ತು. ಅವಳು ಮಾಡು ಎನ್ನಬಹುದಿತ್ತು.

"ಬೇಡ ಯಶವಂತ. ಸಹಿ ಆಗಿಲ್ಲ" ಎಂದಳು.

ಹಾಗೆನ್ನುವಾಗ ಎದೆಯ ಮೂಲೆಯಲ್ಲೆಲ್ಲೋ ಅವಳಿಗೆ ಹಗುರವಾದದ್ದೂ ನಿಜ. ಇನ್ನು ಯಾರೂ ಅವನನ್ನು ದೂರ ಒಯ್ಯುವುದಿಲ್ಲ. ಮಧ್ಯಾಹ್ನ ಗದ್ದೆಯ ಮೇಲಿನ ಹಕ್ಕಲಿನ ಬಯಲಲ್ಲಿ, ಕನ್ನಡಕ ಕಾಣದ ಕಣ್ಣುಗಳ ಸಮೇತ, ವಾಸಪ್ಪನನ್ನು ಸುಟ್ಟರು.

ಹನ್ನೊಂದನೇ ದಿನದ ಕರ್ಮ ಕಳೆಯಿತು. ಬಸ್ಸುಗಳು ಹಾರನ್ನು ಹಾಕುವುದನ್ನು ಬಿಡಲಿಲ್ಲ. ಡ್ರೈವರುಗಳ ಕೈಗೆ ಆ ತಿರುವಿನಲ್ಲಿ ಬೇರೆ ಅಭ್ಯಾಸವಿರಲಿಲ್ಲ. ಒಲೆಯ ಮೇಲೆ ಏನಿದ್ದರೂ ಜಲಜಮ್ಮ ಹೊರಗೆ ಬರುತ್ತಿದ್ದಳು. ಕೈಯೆತ್ತಬೇಕೋ ಬಾರದೋ ಎಂದು ತೀರ್ಮಾನವಾಗುವಷ್ಟರಲ್ಲಿ ಬಸ್ಸು ತಿರುಗಿರುತ್ತಿತ್ತು.

ಮಾಘದಲ್ಲಿ ಒಂದು ದಿನ ಅವಳು ಯಶವಂತನನ್ನು ಕರೆಸಿ ಹೇಳಿದಳು. "ಊಟಕ್ಕೆ ಬರ್ತೀನಿ ಅಂದು ಹೋಗದಿದ್ರೆ ಒಂದು ಮಾತು ಹೇಳಿ ಬರಲ್ವನಾ? ಅವರು ಕಾಲೇಜಿಗೆ ಹೋಗ್ತೀನಿ ಅಂದಿದ್ರು. ಕಳಿಸ್ಲಿಲ್ಲ ನಾನು. ಹೇಳಿ ಬರಬೇಕು."

"ಇವತ್ತು ಮಂಗಳವಾರ ಅತ್ತಿಗೆ. ಅಮಾಸೆ ಬೇರೆ."

"ಗೊತ್ತು."

ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಅರ್ಪಿತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು. ಎಣ್ಣೆ ಗುರುತಿನ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕತೆಯೆಲ್ಲ ಕೇಳಿದಳು. ಹೇಳಲೋ ಬೇಡವೋ ಎಂಬಂತೆ ಕಾಗದವನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟಳು.

"ಅಮ್ಮಾ, ಈ ಫಾರಂ ಅವರ ಆಸೆ ಏನು ಅಂತ ತಿಳಿಸೋದಕ್ಕೆ ಅಷ್ಟೇ. ತುಂಬಿದ್ರೂ ಕೊನೆಗೆ ಮನೆಯವರು ಒಪ್ಪಿದ್ರೇ ನಾವು ತಗೊಳ್ಳೋದು. ಇದು ಇಲ್ಲದೆ ಹೋಗಿದ್ರೂ, ಅವರು ಹೋದ ಮೇಲೆ ನೀವು ಒಪ್ಪಿಗೆ ಕೊಟ್ಟಿದ್ರೆ ಸಾಕಿತ್ತು. ಹೆಂಡತಿ ಅಲ್ವಾ ನೀವು?"

"ಹೋದ ಮೇಲೆ?"

"ಹೌದು."

"ಆಗ ನಾನು ಹೇಳಿದ್ರೂ ನಡೀತಿತ್ತಾ?"

"ನೀವು ಹೇಳಿದ್ರೇ ನಡೀತಿದ್ದಿದ್ದು."

ಯಶವಂತ ಕಿಟಕಿಯ ಕಡೆ ತಿರುಗಿದ. ಹೊರಗೆ ಬಿಳಿ ಕೋಟಿನ ಹುಡುಗ ಹುಡುಗಿಯರು ಏನಕ್ಕೋ ನಗುತ್ತ ಮೆಟ್ಟಿಲಿಳಿಯುತ್ತಿದ್ದರು. ಜಲಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾರೆ ನಂಗೊಂದು ಫಾರಂ ಕೊಡಿ" ಎಂದಳು.

"ಮನೇಲಿ ಕೂತು ಯೋಚ್ನೆ ಮಾಡಿ—"

"ಕೊಡಮ್ಮಾ."

ಅರ್ಪಿತಾ ಕೊಟ್ಟಳು. ಜಲಜಮ್ಮ ಮೇಜಿನ ಮೇಲಿನ ಪೆನ್ನು ತಾನೇ ಎತ್ತಿಕೊಂಡು, ಎಲ್ಲಿ ಎಂದು ಕೇಳಿ, ಒಂದೊಂದೇ ಅಕ್ಷರವನ್ನು ಊರಿ ಬರೆದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಯಶವಂತ ಎರಡನೇ ಸಾಕ್ಷಿಯ ಜಾಗದಲ್ಲಿ ತನ್ನ ಸಹಿ ಹಾಕಿದ.

"ಇಲ್ಲಿ ಹತ್ತಿರದ ಸಂಬಂಧಿ" ಎಂದಳು ಅರ್ಪಿತಾ, ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟು. "ಮಕ್ಕಳು?"

"ಇಲ್ಲ."

"ಅಣ್ಣ ತಮ್ಮ, ಅಕ್ಕ ತಂಗಿ?"

"ನಾನೊಬ್ಳೇ ಹುಟ್ಟಿದ್ದು."

ಅರ್ಪಿತಾ ಪಟ್ಟಿಯ ಉಳಿದ ಹೆಸರುಗಳನ್ನು ಕೇಳಲಿಲ್ಲ. ಯಶವಂತ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಹಿಂಬದಿಯನ್ನೂ ಮಗುಚಿ ನೋಡಿ, ಮತ್ತೆ ಅರ್ಪಿತಾಳ ಮುಂದಿಟ್ಟ.

ಮೊದಲ ಸಾಕ್ಷಿಯ ಸಹಿ ಇಲ್ಲದ್ದರಿಂದ ಆ ಅರ್ಜಿ ನೋಂದಣಿಯಾಗಲಿಲ್ಲ.