ಗಂಟೆ ಮೇಡಂ ಬರೆದ ಶಿಫಾರಸು

ಅರ್ಜಿ ಹಾಕುವ ಯೋಚನೆ ಮೊದಲು ಬಂದದ್ದು ಅತ್ತೆಗೆ. ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಜನರ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು, ಇಂಥ ಕೆಲಸದಲ್ಲೇ ಇಪ್ಪತ್ತಾರು ವರ್ಷ ಕಳೆದವರು ಅವರು. ಒಂದು ದಿನ ಯಾರೋ ಕೋಟು ಸುತ್ತಿ ತಂದ ಪತ್ರಿಕೆಯ ಹಾಳೆಯಲ್ಲಿ ಆ ಪ್ರಕಟಣೆ ಕಣ್ಣಿಗೆ ಬಿತ್ತು. ಇಂಗ್ಲಿಷ್ ಕಲಿಸುವ ಶಿಕ್ಷಕರಿಗೆ ವಿನಿಮಯ ಕಾರ್ಯಕ್ರಮ, ಸಮುದ್ರದಾಚೆಯ ಶಾಲೆಗಳಲ್ಲಿ ಒಂದು ವರ್ಷ ಪಾಠ, ಒಟ್ಟು ಹನ್ನೆರಡು ಸ್ಥಾನ. ಬಟ್ಟೆಗಲ್ಲದೆ ಬೇರೆ ಯಾವುದಕ್ಕೂ ಸೋಕಿಸದ ತಮ್ಮ ಕತ್ತರಿಯಿಂದ ಅತ್ತೆ ಅದನ್ನು ಚೌಕವಾಗಿ ಕತ್ತರಿಸಿ ತಂದು ಸೊಸೆಯ ಚಹಾದ ಲೋಟದ ಕೆಳಗಿಟ್ಟರು.

"ಏನಿದು ಅತ್ತೆ?"

"ಓದು. ಟೀಚರಲ್ವಾ, ಓದೋಕೆ ಬರುತ್ತಲ್ಲ?"

ಸೊಸೆ ಓದಿದಳು. "ಇದಕ್ಕೆ ಸಾವಿರ ಜನ ಹಾಕ್ತಾರೆ."

"ಸಾವಿರದ ಒಂದನೆಯವಳು ನೀನಾಗು. ಅವರ ಗಂಟೇನು ಹೋಗುತ್ತೆ?"

ಬೇಡ ಅನ್ನುವುದಕ್ಕೂ ಮನುಷ್ಯನಿಗೆ ಒಂದಿಷ್ಟು ಕಸುವು ಬೇಕು. ಅವಳಲ್ಲಿ ಅದು ಇರಲಿಲ್ಲ. "ಆಯ್ತು" ಅಂದಳು.

ಗಂಡ ತೀರಿಕೊಂಡು ಆಗ ಇಪ್ಪತ್ತೆರಡು ತಿಂಗಳಾಗಿತ್ತು. ಲಿಫ್ಟ್ ರಿಪೇರಿ ಮಾಡುವವನು. ಹತ್ತಂತಸ್ತಿನ ಕಟ್ಟಡವೊಂದರ ಕೆಳಗೆ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತವನು ಹಾಗೇ ಗೋಡೆಗೆ ಒರಗಿದ. ನಿದ್ದೆ ಹತ್ತಿರಬೇಕು ಅಂದುಕೊಂಡು ಜೊತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೆದುಳಿನ ರಕ್ತನಾಳ ಒಡೆದಿತ್ತು. ಮೂವತ್ತೆಂಟು ವಯಸ್ಸು. ಅವಳು ಎರಡು ವಾರಕ್ಕೆಲ್ಲ ಶಾಲೆಗೆ ಮರಳಿದಳು. ಗಟ್ಟಿಗಿತ್ತಿ ಅಂದರು ಎಲ್ಲರೂ. ಏಳುವುದು, ಬಸ್ಸು ಹಿಡಿಯುವುದು, ಹಾಜರಿ ಕರೆಯುವುದು, ಪಾಠ, ನೋಟ್‌ಬುಕ್ಕುಗಳ ಕಟ್ಟು, ಮತ್ತೆ ಬಸ್ಸು. ಯಾವುದೂ ಒಂದು ದಿನ ತಪ್ಪಿರಲಿಲ್ಲ. ಆದರೆ ಬಹಳ ಹೊತ್ತು ಮಡಿಚಿ ಕೂತರೆ ಕಾಲು ತನ್ನದೋ ಬೇರೆಯವರದೋ ತಿಳಿಯದ ಹಾಗೆ ಆಗುತ್ತದಲ್ಲ, ಅವಳಿಗೆ ಇಡೀ ಮೈಮನಸ್ಸು ಹಾಗಾಗಿತ್ತು. ನೋವೇನೂ ಇರಲಿಲ್ಲ. ಜೋಮು ಹಿಡಿದಿತ್ತು, ಅಷ್ಟೆ.

ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಈಗ ಅತ್ತೆ ಸೊಸೆ ಇಬ್ಬರೇ. ಸೊಸೆಯ ಪಾಲಿನ ಮಾತನ್ನೂ ಅತ್ತೆಯೇ ಆಡುತ್ತಿದ್ದರು. ಗಿರಾಕಿಗಳ ಸೊಂಟದ ಸುತ್ತಳತೆ ಹೇಗೆ ವರ್ಷವರ್ಷಕ್ಕೆ ಏರುತ್ತದೆ, ಆದರೂ ಬಟ್ಟೆಯೇ ಕುಗ್ಗಿತು ಅಂತ ಅವರು ಹೇಗೆ ವಾದ ಮಾಡುತ್ತಾರೆ ಅಂತ ಅಭಿನಯ ಸಮೇತ ಹೇಳುವರು. ಮಗನ ಮಾತು ಬಂದರೂ ಅಷ್ಟೇ, ಒಂದು ನಗೆಮಾತು ಸೇರಿಸಿ ದಾಟಿಬಿಡುವರು.

ಅರ್ಜಿ ಒಂಬತ್ತು ಪುಟ. ಯಾಕೆ ಹೋಗಬಯಸುತ್ತೀರಿ ಅನ್ನುವುದಕ್ಕೆ ಐನೂರು ಪದದ ಪ್ರಬಂಧ ಬೇರೆ. ಅವಳು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದಳು. ಒಂದು ಕಾಮಾ ಸಹ ತಪ್ಪಿರಲಿಲ್ಲ. ಶಿಫಾರಸು ಪತ್ರವನ್ನು ಮಾತ್ರ ಶಾಲೆಯ ಮುಖ್ಯಸ್ಥರು ತಾವೇ ನೇರವಾಗಿ ಕಳಿಸಬೇಕಿತ್ತು. ಹೆಡ್‌ಮಿಸ್ಸಿಗೆ ಮಕ್ಕಳಿಟ್ಟ ಹೆಸರು ಗಂಟೆ ಮೇಡಂ. ಶಾಲೆಗೆ ಕರೆಂಟಿನ ಗಂಟೆ ಬಂದಮೇಲೂ ಅದರ ಸ್ವಿಚ್ಚನ್ನು ತಾವೇ ಒತ್ತುವರು. ಬೇರೆಯವರ ಕೈಗೆ ಬಿಟ್ಟರೆ ಅರ್ಧ ನಿಮಿಷ ಹೆಚ್ಚುಕಮ್ಮಿಯಾಗುತ್ತದೆ ಅಂತ ಅವರ ನಂಬಿಕೆ. ಹನ್ನೊಂದು ವರ್ಷದ ಹಿಂದೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ.

"ನಿನಗೆ ಹೋಗ್ಬೇಕು ಅಂತ ಇದೆಯಾ?" ಗಂಟೆ ಮೇಡಂ ಕೇಳಿದರು.

"ಹೂಂ ಮೇಡಂ."

"ನಿನಗೆ?"

"ಅತ್ತೆ ಹೇಳಿದ್ರು."

ಗಂಟೆ ಮೇಡಂ ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ, ಕಾಗದವನ್ನು ಡ್ರಾಯರಿಗೆ ಹಾಕಿಕೊಂಡರು.

ಒಂಬೈನೂರು ಚಿಲ್ಲರೆ ಜನ ಅರ್ಜಿ ಹಾಕಿದ್ದರು. ಲಿಖಿತ ಪರೀಕ್ಷೆಯಾದಮೇಲೆ ಉಳಿದವರು ನಲವತ್ತು. ಅದರಲ್ಲಿ ಅವಳ ಹೆಸರು ಆರನೆಯದು. ಅತ್ತೆ ಅಂಗಡಿಯಲ್ಲಿ ಬಂದವರಿಗೆಲ್ಲ ಸಾರಿದ್ದೂ ಸಾರಿದ್ದೇ. ಮನೆಯಲ್ಲಿ ಸಂದರ್ಶನದ ತಾಲೀಮು ಶುರುವಾಯಿತು. ಮೂರು ಕುರ್ಚಿ ಸಾಲಾಗಿಟ್ಟು, ಮೂವರು ಪರೀಕ್ಷಕರೂ ತಾವೇ ಆಗಿ, ಒಂದರಿಂದ ಒಂದಕ್ಕೆ ಜರುಗುತ್ತಾ ಅತ್ತೆ ಪ್ರಶ್ನೆ ಕೇಳುವರು. ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು. ಅತ್ತೆಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಆದರೂ ಕಣ್ಣುಮುಚ್ಚಿ ಕೇಳಿ ತೀರ್ಪು ಕೊಡುವರು.

"ತಪ್ಪಿಲ್ಲ. ಆದ್ರೆ ನೀರಿನ ಬಿಲ್ಲು ಓದಿದ ಹಾಗಿದೆ ಕಣೇ. ಸ್ವಲ್ಪ ಉಪ್ಪುಕಾರ ಹಾಕು."

"ಹೇಗೆ ಅತ್ತೆ?"

"ಅದನ್ನೂ ನಾನೇ ಹೇಳ್ಬೇಕಾ? ಮೊದಲೆಲ್ಲ ಅಡುಗೆಮನೇಲಿ ಪಾಠದ ಕತೆ ಹೇಳ್ತಾ ಹಾಲು ಉಕ್ಕಿಸ್ತಿದ್ದೆಯಲ್ಲ, ಹಾಗೆ."

ಹಾಲು ಉಕ್ಕಿಸುತ್ತಿದ್ದದ್ದು ಅವಳಿಗೆ ನೆನಪಿತ್ತು. ಕೇಳಿದ ಕತೆಯೊಂದು ನೆನಪಿರುವ ಹಾಗೆ.

ಸಂದರ್ಶನದ ದಿನ ಉದ್ದನೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ ಕೂತಿದ್ದರು. ಒಬ್ಬ ತರುಣ ತುಟಿ ಅಲ್ಲಾಡಿಸುತ್ತಾ ಏನೋ ಬಾಯಿಪಾಠ ಮಾಡುತ್ತಿದ್ದ. ಪಕ್ಕದ ಹೆಂಗಸು ಮೂರು ಸಲ ಬಚ್ಚಲಿಗೆ ಹೋಗಿ ಬಂದು, "ನಿಮಗೆ ಹೆದರಿಕೆ ಆಗ್ತಿಲ್ವಾ?" ಅಂತ ಕೇಳಿದಳು. ಇಲ್ಲ ಅಂದಾಗ, ಇವಳಿಗೆ ಯಾರದೋ ವಶೀಲಿ ಇರಬೇಕು ಅನ್ನುವಂತೆ ಮುಖ ತಿರುಗಿಸಿದಳು.

ಒಳಗೆ ಒಬ್ಬ ಪ್ರೊಫೆಸರು, ಒಬ್ಬ ಅಧಿಕಾರಿ, ಹಿಂದಿನ ವರ್ಷ ಹೋಗಿಬಂದ ಒಬ್ಬ ಶಿಕ್ಷಕಿ. ನಾವು ಹತ್ತು ವರ್ಷದ ಮಕ್ಕಳು ಅಂದುಕೊಂಡು ಎಂಟು ನಿಮಿಷ ಪಾಠ ಮಾಡಿ ಅಂದರು. ಚೀಟಿ ಎತ್ತಿದಳು. 'ಯೂಸ್ಡ್ ಟು' ಅಂತಿತ್ತು. ಹಿಂದೆ ರೂಢಿಯಲ್ಲಿದ್ದು ಈಗ ಇಲ್ಲದ್ದನ್ನು ಹೇಳುವ ಬಗೆ. ಅವಳು ಬೋರ್ಡಿಗೆ ಹೋಗಿ ದುಂಡಗಿನ ಅಕ್ಷರದಲ್ಲಿ ಮೊದಲ ಉದಾಹರಣೆ ಬರೆದಳು. ಮೈ ಹಸ್ಬೆಂಡ್ ಯೂಸ್ಡ್ ಟು ರಿಪೇರ್ ಲಿಫ್ಟ್ಸ್.

ಮಗುವಿನ ಪಾತ್ರದಲ್ಲಿದ್ದ ಪ್ರೊಫೆಸರು ಉತ್ಸಾಹದಿಂದ ಕೈಯೆತ್ತಿ ಕೇಳಿದರು, "ಟೀಚರ್, ಹಾಗಾದ್ರೆ ಈಗ ಅವರು ಏನ್ ಮಾಡ್ತಾರೆ?"

"ಈಗ ಏನೂ ಮಾಡಲ್ಲ. ತೀರಿಕೊಂಡಿದ್ದಾರೆ. ಅದಕ್ಕೇ ಇಲ್ಲಿ ಯೂಸ್ಡ್ ಟು. ಎರಡನೇ ಉದಾಹರಣೆ ನೋಡಿ."

ಅವಳು ಎಂಟು ನಿಮಿಷಕ್ಕೆ ಸರಿಯಾಗಿ ಪಾಠ ಮುಗಿಸಿ ಬೋರ್ಡು ಒರೆಸಿದಳು. ಪ್ರೊಫೆಸರು ಎತ್ತಿದ್ದ ಕೈಯನ್ನು ಯಾವಾಗಲೋ ಇಳಿಸಿ ಮೇಜಿನ ಕೆಳಗಿಟ್ಟುಕೊಂಡಿದ್ದರು. ಅಧಿಕಾರಿ ನೀರು ಕುಡಿದ. ಆಮೇಲೆ ಅವರು ಹೆಚ್ಚೇನೂ ಕೇಳಲಿಲ್ಲ. ಮನೆಗೆ ಬಂದು ಅತ್ತೆಗೆ, "ಚೆನ್ನಾಗಾಯ್ತು" ಅಂದಳು. ಅವಳ ಲೆಕ್ಕಕ್ಕೆ ಅದು ಚೆನ್ನಾಗಿಯೇ ಆಗಿತ್ತು.

ಆಯ್ಕೆಯಾಗಿಲ್ಲ ಅನ್ನುವ ಪತ್ರ ಐದು ವಾರಕ್ಕೆ ಬಂತು. ಸೊಸೆ ಅದನ್ನು ಓದಿ, ಮಡಿಚಿಟ್ಟು, ಒಗೆದ ಬಟ್ಟೆ ಹರವಲು ಹೋದಳು. ಕೆಂಡಾಮಂಡಲವಾದವರು ಅತ್ತೆ. "ಆರನೇ ನಂಬರಿನವಳನ್ನ ಬಿಟ್ಟು ಹನ್ನೆರಡು ಜನರನ್ನ ಎಲ್ಲಿಂದ ಹೆಕ್ಕಿದ್ರಂತೆ? ನಾನೇ ಹೋಗಿ ಕೇಳ್ತೀನಿ. ಇಂಗ್ಲಿಷ್ ಬರಲ್ಲ ಅಂತ ಹೆದರ್ತೀನಾ?" ಅಂತ ಚಪ್ಪಲಿ ಮೆಟ್ಟಿಕೊಂಡೂ ಆಗಿತ್ತು. ಅವಳೇ ಕೈಹಿಡಿದು ಕೂರಿಸಿದಳು.

ಮರುದಿನ ಗಂಟೆ ಮೇಡಮ್ಮಿಗೆ ವಿಷಯ ತಿಳಿಸಲು ಹೋದಾಗ ಅವರು ಬಾಗಿಲು ಹಾಕಿಕೊಂಡು ಬಾ ಅಂದರು.

"ಸಿಗಲ್ಲ ಅಂತ ನನಗೆ ಗೊತ್ತಿತ್ತು. ಬೇರೆಯವರ ಬಾಯಿಂದ ನಿನಗೆ ತಿಳಿಯೋದು ಬೇಡ, ನಾನೇ ಹೇಳ್ತೀನಿ. ಇವಳಂಥ ಟೀಚರು ನನ್ನ ಕೈಕೆಳಗೆ ಇನ್ನೊಬ್ಬಳು ಬಂದಿಲ್ಲ ಅಂತ ಬರೆದೆ. ಕೊನೇಲಿ, ದಯವಿಟ್ಟು ಈ ವರ್ಷ ಕಳಿಸಬೇಡಿ ಅಂತಾನೂ ಬರೆದೆ."

ಕಿಟಕಿಯಾಚೆ ಪಿ.ಟಿ. ಮೇಷ್ಟ್ರ ಸೀಟಿ ಕೇಳುತ್ತಿತ್ತು.

"ಯಾಕೆ ಅಂತ ಕೇಳಲ್ವಾ?"

"ಯಾಕೆ ಮೇಡಂ?"

"ಹೋದ ವರ್ಷ ಏಳನೇ ಕ್ಲಾಸಲ್ಲಿ ನೀನು ಪಾಠ ಮಾಡ್ತಿರುವಾಗ ಕಿಟಕಿ ಪಕ್ಕದ ಹುಡುಗಿ ಅಳ್ತಾ ಕೂತಿದ್ಲು. ನಾನು ಹೊರಗೆ ನಿಂತು ನೋಡ್ತಾ ಇದ್ದೆ. ಹದಿನೈದು ನಿಮಿಷ. ನೀನು ಅವಳ ಪಕ್ಕದಲ್ಲೇ ಎರಡು ಸಲ ಹಾದುಹೋದೆ, ಬೆಂಚಿನ ಮೇಲಿದ್ದ ಅವಳ ಪುಸ್ತಕ ಸರಿಮಾಡಿಟ್ಟೆ. ಅವಳನ್ನ ನೋಡಲಿಲ್ಲ. ನೆನಪಿದೆಯಾ?"

ನೆನಪಿರಲಿಲ್ಲ.

"ಅಲ್ಲಿ ಇನ್ಯಾವುದೋ ಭಾಷೆಯ ಮಕ್ಕಳು. ಪಾಪ, ಅವು ಯಾರ ಹತ್ರ ಹೋಗ್ತಾವೆ? ನನ್ನ ಮೇಲೆ ಸಿಟ್ಟು ಮಾಡ್ಕೋ. ಬೈದ್ರೂ ಪರವಾಗಿಲ್ಲ."

"ಸಿಟ್ಟಿಲ್ಲ ಮೇಡಂ" ಅಂದಳು. ಅದು ನಿಜವೂ ಆಗಿತ್ತು. ಗಂಟೆ ಮೇಡಂ ಮುಖ ಇನ್ನಷ್ಟು ಸಣ್ಣದಾಯಿತು.

ಆ ಹುಡುಗಿ ಈಗ ಎಂಟನೇ ತರಗತಿಯಲ್ಲಿದ್ದಳು. ಎರಡು ಜಡೆಯ, ಉದ್ದ ಕೈಕಾಲಿನ ಹುಡುಗಿ. ಮಧ್ಯಾಹ್ನದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದವಳನ್ನು ಟೀಚರು ನಿಲ್ಲಿಸಿ ಕೇಳಿದಳು.

"ಹೋದ ವರ್ಷ ನನ್ನ ಕ್ಲಾಸಲ್ಲಿ ಅತ್ತಿದ್ದೆಯಂತೆ?"

ಹುಡುಗಿ ನೆನಪು ಮಾಡಿಕೊಂಡು ನಕ್ಕಳು. "ಓ, ಅದಾ ಮಿಸ್. ಹಲ್ಲು ನೋವಿತ್ತು. ಆಮೇಲೆ ಕೀಳಿಸಿದ್ವಿ."

"ನನಗೆ ಹೇಳಬಾರದಿತ್ತಾ?"

"ಹೇಳಿದ್ನಲ್ಲ ಮಿಸ್, ನಿಮ್ಮ ಹತ್ರಾನೇ ಬಂದು. ನೀವು, ಹೂಂ, ಕೂತ್ಕೋ ಅಂದ್ರಿ."

ಹುಡುಗಿ ಡಬ್ಬಿ ಒದರಿಕೊಂಡು ಓಡಿದಳು. ಅವಳಿಗೆ ಅದೇನೂ ದೊಡ್ಡ ಸಂಗತಿಯಾಗಿರಲಿಲ್ಲ. ಟೀಚರು ನಲ್ಲಿಯ ಮುಂದೆ ಗಂಟೆ ಹೊಡೆಯುವವರೆಗೂ ನಿಂತೇ ಇದ್ದಳು. ದುಃಖ ಬರಬಹುದೇನೋ ಅಂತ ಕಾದಳು, ಬರಲಿಲ್ಲ. ಹುಡುಗಿ ಅರ್ಧ ತಿರುಗಿಸಿ ಬಿಟ್ಟುಹೋಗಿದ್ದ ನಲ್ಲಿಯನ್ನು ನಿಲ್ಲಿಸಿ ತರಗತಿಗೆ ಹೋದಳು. ಅವತ್ತು ಹಾಜರಿ ಕರೆಯುವಾಗ ಮಾತ್ರ ಒಂದೊಂದು ಹೆಸರಿಗೂ ತಲೆಯೆತ್ತಿ ಮುಖ ನೋಡಿದಳು. ನಲವತ್ತೊಂದು ಮುಖ ನೋಡುವಷ್ಟರಲ್ಲಿ ಸುಸ್ತಾಯಿತು.

ಸಂಜೆ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಮಿಷನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದವರು ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದರು. ಗಂಟೆ ಮೇಡಮ್ಮಿನ ಜನ್ಮ ಜಾಲಾಡಿದರು. "ಗಂಟೆ ಬಾರಿಸೋಳಿಗೆ ಬೇರೆಯವರ ಬಾಳು ಬಾರಿಸೋ ಚಟ ಯಾಕಂತೆ?" ಅಂದರು. ಸೊಸೆ ಬೈಗುಳ ತೀರಿದಮೇಲೆ ಮೆಲ್ಲಗೆ ಕೇಳಿದಳು.

"ಅತ್ತೆ, ನಾನು ಹೋಗ್ಲಿ ಅಂತ ನಿಮಗ್ಯಾಕೆ ಅಷ್ಟು ಆಸೆ ಇತ್ತು?"

"ನಿನಗೆ ಒಳ್ಳೇದಾಗ್ಲಿ ಅಂತ. ಇನ್ನೇನು?"

"ಅಷ್ಟೇನಾ?"

ಅತ್ತೆ ಅಂಚಿಗೆ ಚುಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

"ನೀನು ಒಂದು ವರ್ಷ ಇಲ್ಲದಿದ್ರೆ, ನಾನೊಬ್ಬಳೇ ಕೂತು ನನ್ನ ಮಗನಿಗೆ ಅಳಬಹುದು ಅಂತಿದ್ದೆ ಕಣೇ" ಅಂದರು. "ನಿನ್ನ ಮುಂದೆ ಆಗಲ್ಲ. ನೀನು ಕಲ್ಲಿನ ಹಾಗೆ ಓಡಾಡ್ತಿರ್ತೀಯ. ನಾನೂ ಬಿದ್ದೆ ಅಂದ್ರೆ ನಿನ್ನ ಗತಿಯೇನು? ಅದಕ್ಕೇ ಇಷ್ಟು ದಿನ ವಟವಟ ಅಂದ್ಕೊಂಡು..."

ಮಾತು ಅಲ್ಲಿಗೇ ಕಡಿದುಹೋಯಿತು. ಇಪ್ಪತ್ತಾರು ತಿಂಗಳು ತಡೆದಿಟ್ಟದ್ದು ಒಮ್ಮೆಲೇ ಬಂತು. ಅತ್ತೆ ಗಿರಾಕಿಯ ಪ್ಯಾಂಟಿಗೇ ಮುಖ ಒತ್ತಿಕೊಂಡು ಅತ್ತರು. ಮಿಷನ್ನು ಅಲ್ಲಾಡುತ್ತಿತ್ತು. ಸೊಸೆಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅಳು ಬರುತ್ತದೆಯೇ ಅಂತ ನೋಡಿಕೊಂಡಳು, ಕಣ್ಣು ಒಣಗಿಯೇ ಇತ್ತು. ಆದರೆ ಈ ಸಲ ಎದ್ದು ಬಟ್ಟೆ ಹರವಲು ಹೋಗಲಿಲ್ಲ. ಕುರ್ಚಿ ಎಳೆದು ಅತ್ತೆಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಅಳು ನಿಲ್ಲುವವರೆಗೂ ಅಲ್ಲೇ ಇದ್ದಳು.

ಆಮೇಲೆ ಅತ್ತೆ ವಾರಕ್ಕೊಂದೆರಡು ಸಲ ಅಳುತ್ತಿದ್ದರು. ಮುಚ್ಚುಮರೆ ಇಲ್ಲದೆ, ತರಕಾರಿ ಹೆಚ್ಚುತ್ತಾ, ಟೀವಿ ನೋಡುತ್ತಾ. ಮನೆಯಲ್ಲಿ ಮಾತು ಅರ್ಧಕ್ಕರ್ಧ ಕಡಿಮೆಯಾಯಿತು.

ಮರುವರ್ಷ ಪ್ರಕಟಣೆ ಬಂದಾಗ ಅವಳು ಯಾರಿಗೂ ಹೇಳದೆ ಅರ್ಜಿ ತಂದಳು. ಪ್ರಬಂಧಕ್ಕೆ ನಾಲ್ಕು ಭಾನುವಾರ ಹಿಡಿಯಿತು. ಹೊಡೆದುಹಾಕಿದ್ದೇ ಹೆಚ್ಚು. ಶಿಫಾರಸಿನ ಕಾಗದವನ್ನು ಗಂಟೆ ಮೇಡಮ್ಮಿನ ಮೇಜಿನ ಮೇಲಿಟ್ಟಾಗ ಅವರು, "ಏನಂತ ಬರೀಲಿ?" ಅಂದರು.

"ಕಂಡದ್ದು ಬರೀರಿ ಮೇಡಂ."

ಅವರು ಏನು ಬರೆದರೋ, ಈ ಸಲ ಅವಳು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಹೆಸರು ಬಂತು, ಆದರೆ ಕಾಯುವ ಪಟ್ಟಿಯಲ್ಲಿ, ಎರಡನೆಯದು. ಆಯ್ಕೆಯಾದವರಲ್ಲಿ ಒಬ್ಬರು ಹೋಗುವುದಿಲ್ಲ ಅಂದರು. ಪಟ್ಟಿಯ ಮೊದಲನೆಯವರಿಗೆ ಆ ಜಾಗ ಹೋಯಿತು. ಇನ್ನೊಬ್ಬರು ಬಿಟ್ಟರೆ ಸಾಕಿತ್ತು. ಎರಡು ತಿಂಗಳು ಅವಳು ದಿನಾ ಕೆಳಗಿಳಿದು ಟಪಾಲು ಪೆಟ್ಟಿಗೆ ನೋಡಿದಳು. ಸ್ಥಾನಗಳು ಭರ್ತಿಯಾಗಿವೆ ಅನ್ನುವ ಪತ್ರ ಬಂದ ದಿನ ಮೂರು ಮಹಡಿ ಹತ್ತಿ ಬಂದು, ಅತ್ತೆ ಏನಾಯ್ತು ಅಂತ ಕೇಳುತ್ತಿದ್ದ ಹಾಗೇ ಒಳಗೆ ಹೋಗಿ ಕೋಣೆಯ ಬಾಗಿಲನ್ನು ಧಡಾರ್ ಅಂತ ಹಾಕಿಕೊಂಡಳು. ಚಿಲಕ ಕಿತ್ತು ಕೆಳಗೆ ಬಿತ್ತು.

ಎರಡು ದಿನ ಅವಳು ಮುಖ ಗಂಟಿಕ್ಕಿಕೊಂಡೇ ಇದ್ದಳು. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಅತ್ತೆಯ ಮೇಲೆ ಹರಿಹಾಯ್ದಳು. ಅತ್ತೆ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಮೂರನೇ ದಿನ ಬಡಗಿ ಬಂದು ಬಾಗಿಲು ನೋಡಿದ. ತಿರುಪಿನ ಸಮೇತ ಮರವೇ ಸೀಳಿಕೊಂಡು ಬಂದಿತ್ತು. "ಯಾರಮ್ಮ ಹೀಗೆ ಕಿತ್ತಿದ್ದು?" ಅಂತ ಕೇಳಿದ.

"ನನ್ನ ಸೊಸೆ" ಅಂದರು ಅತ್ತೆ, ಲಿಖಿತ ಪರೀಕ್ಷೆಯ ಫಲಿತಾಂಶವನ್ನು ಅಂಗಡಿಯಲ್ಲಿ ಸಾರಿದಾಗಲೂ ಇಲ್ಲದಿದ್ದ ಹೆಮ್ಮೆಯಿಂದ. "ಗಟ್ಟಿ ಚಿಲಕ ನೋಡಿ ಹಾಕಪ್ಪ. ಮುಂದಿನ ವರ್ಷಾನೂ ಅರ್ಜಿ ಹಾಕ್ತಾಳೆ."