ಬಸ್ತಾ ಬಂದ ದಿನ

ಎರಡು ಕ್ರೂಸರ್ ಗಾಡಿಗಳು ಅಂಗಡಿಯ ಮುಂದೆ ಬಂದು ನಿಂತಾಗ ಧರೆಪ್ಪ ಗಾದಿಯ ಮೇಲೆ ಇರಲಿಲ್ಲ. ರಸ್ತೆಯಾಚೆ ಚಹಾದಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗಾಡಿಯಿಂದ ಇಳಿದವರು ಅವನನ್ನು ನೋಡಿ ಕೈ ಎತ್ತಿದರು. ಅವನೂ ಎತ್ತಿದ. ಆದರೆ ಎದ್ದು ಬರಲಿಲ್ಲ.

ಅಪೂರ್ವ ದುಡ್ಡಿನ ಗಲ್ಲೆಯ ಹಿಂದೆ ಕೂತು ಗಾಜಿನ ಬಾಗಿಲಿನಿಂದ ಇದನ್ನು ನೋಡುತ್ತಿದ್ದಳು. ಇಪ್ಪತ್ತೆರಡು ಮಂದಿ ಇಳಿದರು. ರಾಯಬಾಗದ ಕಡೆಯ ಬಸ್ತಾ ಅದು. ಮದುವೆಯ ಅರಿವೆ ಕೊಳ್ಳಲು ಗಂಡಿನವರೂ ಹೆಣ್ಣಿನವರೂ ಕೂಡಿ ಒಂದೇ ಅಂಗಡಿಗೆ ಬರುತ್ತಾರೆ, ಮುಹೂರ್ತದ ಸೀರೆಯಿಂದ ಹಿಡಿದು ಬೀಗರ ಟೊಪ್ಪಿಗೆಯ ತನಕ ಒಂದೇ ದಿನ ಕಟ್ಟಿಸಿಕೊಂಡು ಹೋಗುತ್ತಾರೆ. ಚಿಕ್ಕೋಡಿಯಲ್ಲಿ ಅರಿವೆ ಅಂಗಡಿ ಬದುಕುವುದೇ ಬಸ್ತಾದ ಮೇಲೆ. ಇದು ಅಂಗಡಿಯ ಹೆಸರು ನೋಡಿ ಬಂದ ಬಸ್ತಾ ಅಲ್ಲ, ಧರೆಪ್ಪನ ಹೆಸರು ಹಿಡಿದು ಬಂದದ್ದು. ಅದು ಅವಳಿಗೂ ಗೊತ್ತು, ಆಚೆ ಕೂತವನಿಗೂ ಗೊತ್ತು.

"ಧರೆಪ್ಪ ಚಹಾ ಕುಡ್ಯಾಕತ್ತಾನಲ್ರಿ" ಎನ್ನುತ್ತ ವರನ ತಂದೆ ಕಾಕಾಸಾಹೇಬ ಒಳಗೆ ಬಂದ. "ಕುಡೀಲಿ ಕುಡೀಲಿ. ನಮಗೂ ಗಡಿಬಿಡಿ ಇಲ್ಲ."

ಅವನ ಹಿಂದೆ ಅವನ ಅಕ್ಕ ಸುಂದ್ರವ್ವ ಬಂದಳು. ವರನ ಸೋದರತ್ತೆ. ಗಾದಿಯ ಎದುರು, ನಟ್ಟನಡುವೆ ಕೂತಳು. ಉಳಿದ ಹೆಂಗಸರು ಅವಳ ಆಚೀಚೆ ಕೂತರು. ಬಿಳಿ ಹೊದಿಕೆಯ ದಪ್ಪ ಗಾದಿ ಖಾಲಿ ಇತ್ತು. ಮೂವತ್ತೊಂದು ವರ್ಷಗಳಿಂದ ಅಲ್ಲಿ ಕೂತು ಸೀರೆ ತೋರಿಸಿದವನು ಧರೆಪ್ಪ. ಸೀರೆ ಬಿಚ್ಚಿ ತನ್ನ ಹೆಗಲ ಮೇಲೇ ಹೊದ್ದುಕೊಂಡು, ಸೆರಗು ಹಾರಿಸಿ, ಹೆಂಗಸರನ್ನು ನಗಿಸಿ ಮಾರುತ್ತಿದ್ದ.

ಆದದ್ದು ಇಷ್ಟು. ಹಿಂದಿನ ದಿನ ಧರೆಪ್ಪ ಊಟಕ್ಕೆ ಹೋಗಿದ್ದಾಗ ನಿಪ್ಪಾಣಿಯ ಶಿಕ್ಷಕಿಯೊಬ್ಬರು ಬಂದಿದ್ದರು. ಸೀರೆ ತಂದುಕೊಡುವ, ಬಿಚ್ಚಿದ್ದನ್ನು ಮಡಚುವ ಕೆಲಸದ ಸೀಮಾ ಗಾದಿ ಹತ್ತಿ ಅವರಿಗೆ ಸೀರೆ ತೋರಿಸಿದಳು. ಒಂದು ಕೊಳ್ಳಲು ಬಂದವರು ಎರಡು ಕೊಂಡರು. ಧರೆಪ್ಪ ತಿರುಗಿ ಬಂದವನು, ಅವರಿನ್ನೂ ಅಲ್ಲಿರುವಾಗಲೇ, ಅರಿವೆ ಅಳೆಯುವ ಕಬ್ಬಿಣದ ಗಜದಿಂದ ಸೀಮಾಳ ಬೆರಳಿನ ಮೇಲೆ ಹೊಡೆದ. "ಮಡಚು ಅಂದ್ರ ಮಡಚಬೇಕು" ಎಂದ. ಇವತ್ತು ಅವಳ ಬಲಗೈಯ ಎರಡು ಬೆರಳು ಬಾತುಕೊಂಡು ಬಾಗದಂತಾಗಿದ್ದವು.

ಅಪ್ಪ ಜಿನ್ನಪ್ಪನ ಮಂಡಿಯ ಆಪರೇಷನ್ ಆದ ಮೇಲೆ ಅಂಗಡಿ ಅಪೂರ್ವಳ ಕೈಗೆ ಬಂದು ಎಂಟು ತಿಂಗಳು. ಬೆಳಗಾವಿಯ ಹೋಟೆಲೊಂದರಲ್ಲಿ ಸಣ್ಣ ವ್ಯಾಪಾರಿಗಳಿಗೆಂದು ನಡೆದ ಎರಡು ದಿನದ ತರಬೇತಿಗೆ ಅವಳು ಹೋಗಿಬಂದಿದ್ದಳು. ಹೊಗಳುವುದಿದ್ದರೆ ಹತ್ತು ಮಂದಿಯ ಮುಂದೆ ಹೊಗಳಿ, ಬಯ್ಯುವುದಿದ್ದರೆ ಬಾಗಿಲು ಮುಚ್ಚಿ ಬಯ್ಯಿರಿ ಎಂದು ಅಲ್ಲಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆಯನ್ನೂ ಎಳೆದಿದ್ದಳು. ಆದರೆ ಇವತ್ತು ಶಟರ್ ಎತ್ತಿದ ಕೂಡಲೇ ಏಳೂ ಮಂದಿ ಕೆಲಸದವರ ಮುಂದೆ, "ಮಾಮಾ, ಸೀಮಾಗ ತಪ್ಪಾತು ಅನ್ರಿ. ಅಂದ ಮ್ಯಾಲ ಗಾದಿ ಹತ್ರಿ" ಎಂದುಬಿಟ್ಟಳು.

ಧರೆಪ್ಪ ಬಿಚ್ಚಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿದ. "ಆತ್ರಿ ಮಾಲಕ್ರ. ಗಾದಿ ನಿಮ್ಮದು" ಎಂದು ಹೊರಟುಹೋದ. ಅಲ್ಲಿಯ ತನಕ ಅವಳನ್ನು ಅವನು ತಂಗಿ ಎಂದೇ ಕರೆಯುತ್ತಿದ್ದ.

ಫೋನ್ ಬಡಿದುಕೊಂಡಿತು. ಅಪ್ಪ.

"ಲಖನ ಫೋನ್ ಮಾಡಿದ್ದ. ಏನ ನಡಸೀದಿ ಅಲ್ಲಿ?"

ಅಪೂರ್ವ ಅಂಗಿ ವಿಭಾಗದ ಕಡೆ ನೋಡಿದಳು. ಲಖನ ತಲೆ ಬಗ್ಗಿಸಿ ಕತ್ತರಿ ಒರೆಸತೊಡಗಿದ.

"ಹೊಡದಾರ ಪಪ್ಪಾ. ಗಿರಾಕಿ ಮುಂದ."

"ಯಾರ ಹೊಡದಿಲ್ಲ? ಇವತ್ತ ಆ ಮಂದಿ ಬಾಜೂ ಅಂಗಡಿ ಮೆಟ್ಲ ಹತ್ತಿದ್ರ ಇನ್ನ ಹತ್ತ ವರ್ಷ ಆ ಊರು ನಮ್ಮ ಕಡೆ ಮಾರಿ ಹಾಕೂದಿಲ್ಲ. ಹೋಗು. ಕರಕೊಂಡ ಬಾ ಅವನ್ನ."

ಅವಳು ರಸ್ತೆ ದಾಟಿದಳು. ಧರೆಪ್ಪ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟ.

"ಬರ್ರಿ ಮಾಲಕ್ರ. ಏ, ಇವ್ರಿಗೊಂದ ಸ್ಪೆಷಲ್ ಹಾಕಲೇ. ಶುಂಠಿ ಬ್ಯಾಡ, ಮೊದಲ ತಲಿ ಬಿಸಿ ಐತಿ."

ಚಹಾದವನು ನಕ್ಕ. ಅಪೂರ್ವ ಕೂಡಲಿಲ್ಲ.

"ಮಂದಿ ಕುಂತಾರ ಮಾಮಾ."

"ಕುಂಡ್ರತಾರ. ಸುಂದ್ರವ್ವತ್ತಿನ ನಾ ಬಲ್ಲೆ. ಆ ಮನ್ಯಾಗ ನಾಕ ಮದವಿ ಉಡಿಸೀನಿ. ನಾ ಹೌದಂದ್ರ ಹೌದು, ಅಲ್ಲಂದ್ರ ಅಲ್ಲ."

"ಒಂದ ಮಾತು. ತಪ್ಪಾತು ಅನ್ರಿ. ಮುಗೀತು."

ಧರೆಪ್ಪ ಎಡಗೈಯ ಹೆಬ್ಬೆರಳನ್ನು ಅವಳ ಮುಂದೆ ಹಿಡಿದ. ಅದು ಗಿಣ್ಣಿನ ಹತ್ತಿರ ಸೊಟ್ಟಗಿತ್ತು. ಹುಟ್ಟಿದಾಗಿನಿಂದ ನೋಡಿದ ಬೆರಳು. ಯಾಕೆ ಹಾಗಿದೆ ಎಂದು ಅವಳು ಕೇಳಿರಲಿಲ್ಲ.

"ಕೆಲಸಕ್ಕ ಸೇರಿದ ವರ್ಷ. ಅಂಗಿ ಅರಿವಿ ಅರ್ಧಾ ಮೀಟರ ಹೆಚ್ಚಿಗಿ ಕತ್ತರಿಸಿದ್ನಿ. ಅದ ಗಜ. ನಿಮ್ಮ ಅಪ್ಪಾರ ಕೈ. ಅಂಗಡಿ ತುಂಬ ಗಿರಾಕಿ. ಬೆರಳ ನೆಟ್ಟಗ ಆಗಲಿಲ್ಲ, ಕತ್ತರಿ ನೆಟ್ಟಗಾತು. ಅವತ್ತ ನನಗ ಯಾರ ಅಂದ್ರು ತಪ್ಪಾತು ಅಂತ?"

"ಅದು ಅವರ ತಪ್ಪು."

"ಹಂಗಾರ ಅವರು ಬಂದ ಹೇಳ್ಲಿ. ಆಮ್ಯಾಲ ನಾ ಹೇಳ್ತೀನಿ."

"ಅವರ ಬದಲಿ ನಾ ಹೇಳ್ತೀನಿ. ತಪ್ಪಾತು ಮಾಮಾ."

ಚಹಾದವನು ಸೌಟು ತಿರುಗಿಸುವುದನ್ನು ನಿಲ್ಲಿಸಿದ. ಧರೆಪ್ಪ ಗ್ಲಾಸಿನ ತಳದಲ್ಲಿ ಉಳಿದಿದ್ದನ್ನು ರಸ್ತೆಗೆ ಚೆಲ್ಲಿದ.

"ಮುಂಜಾನಿ ಒಳಗ ಒಬ್ಬನ್ನ ಕರದು ಹೇಳಿದ್ರ ನಾನೂ ಅಂದ ಬಿಡ್ತಿದ್ನೋ ಏನೋ. ಏಳ ಮಂದಿ ಮುಂದ ಅಂದ್ರಿ."

"ನೀವ ಆಕಿಗಿ ಎಲ್ಲಾರ ಮುಂದ ಹೊಡದ್ರಿ."

"ಅದನ್ನ ಅಂತೀನಿ. ನಾವಿಬ್ಬರೂ ಕಲ್ತ ಸಾಲಿ ಒಂದ." ಅವನು ಇನ್ನೊಂದು ಚಹಾ ಹೇಳಿದ. "ನೀವ ಹೋಗ್ರಿ. ಅರ್ಧಾ ತಾಸಿನ್ಯಾಗ ಅವರ ನನ್ನ ಕರ್ಯಾಕ ಬರ್ತಾರ. ಅವರ ಕರದ್ರ ಬರ್ತೀನಿ, ನೀವ ಕರದ್ರ ಬರೂದಿಲ್ಲ."

ಅವಳು ತಿರುಗಿ ಬಂದಾಗ ಪಕ್ಕದ ಅಂಗಡಿಯವನು ತನ್ನ ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಕಾಕಾಸಾಹೇಬ ಅವನೊಡನೆ ಏನೋ ಮಾತಾಡುತ್ತಿದ್ದ. ಒಳಗೆ ಕೊಟ್ಟ ನೀರಿನ ಗ್ಲಾಸುಗಳು ಖಾಲಿಯಾಗಿ ನೆಲದ ಮೇಲೆ ಕೂತಿದ್ದವು.

ಸೀಮಾ ಹಿಂದಿನ ಗೋದಾಮಿನ ಬಾಗಿಲಲ್ಲಿ ನಿಂತಿದ್ದಳು.

"ಅವರು ಅನ್ನೂದಿಲ್ಲ" ಎಂದಳು ಅಪೂರ್ವ. "ಆದ್ರ ನಾನೂ ಬಿಡೂದಿಲ್ಲ. ಬಸ್ತಾ ಹೋದ್ರ ಹೋಗಲಿ."

"ಹೋದ್ರ ಹೋಗಲಿ?" ಸೀಮಾಳ ಧ್ವನಿ ಏರಿತು. ತಾನೇ ತಗ್ಗಿಸಿದಳು. "ನಿಮಗೇನ್ರಿ ಅಕ್ಕಾರ? ನಾಳಿಗಿ ಪ್ಯಾಟಿ ತುಂಬ ಏನಂತಾರ? ಸೀಮಾನ ಸಲುವಾಗಿ ಜಿನ್ನಪ್ಪ ಸಾಹುಕಾರ್ರ ಬಸ್ತಾ ಹೋತು ಅಂತಾರ. ಆಮ್ಯಾಲ ನನಗ ಯಾ ಅಂಗಡ್ಯಾಂವ ಕೆಲಸ ಕೊಡ್ತಾನ?"

"ಮತ್ತ ಹೊಡಿಸ್ಕೊಂಡ ಸುಮ್ನ ಇರ್ತೀ?"

"ತಪ್ಪಾತು ಅನ್ಸ್ರಿ ಅಂತ ನಾ ಅಂದಿದ್ನ್ಯಾ? ನೀವರ ನನ್ನ ಕೇಳಿದ್ರ್ಯಾ?"

ಅಪೂರ್ವ ಕೇಳಿರಲಿಲ್ಲ, ನಿಜ. ಬಾತ ಬೆರಳು ನೋಡಿದ್ದಳು, ಸಿಟ್ಟು ಬಂದಿತ್ತು, ಹೇಳಿದ್ದಳು.

"ಏನ ಬೇಕ ನಿನಗ?"

"ಗಾದಿ ಮ್ಯಾಲ ಕುಂಡ್ರಾಕ ಬೇಕು. ನಿನ್ನಿ ಅವರು ನನಗ ಹೊಡದಿದ್ದು ಮಡಚಲಿಲ್ಲ ಅಂತಲ್ಲ. ಎರಡ ಸೀರಿ ಮಾರಿದ್ನಿ ಅಂತ."

ನಿನ್ನೆಯ ತನಕ ಈ ಅಂಗಡಿಯಲ್ಲಿ ಹೆಂಗಸರು ಗಾದಿಯ ಮೇಲೆ ಕೂತದ್ದಿಲ್ಲ. ಮಾಲಕಿಯಾದ ಅಪೂರ್ವ ಕೂಡ ಗಲ್ಲೆಯ ಕುರ್ಚಿ ಬಿಟ್ಟು ಅತ್ತ ಹೋದದ್ದಿಲ್ಲ. ಹೊರಗೆ ಕಾಕಾಸಾಹೇಬ ಪಕ್ಕದ ಅಂಗಡಿಯವನ ಹೆಗಲ ಮೇಲೆ ಕೈ ಹಾಕಿದ್ದ.

"ಕೈ?"

"ತೋರ್ಸಾಕ ಎಂಟ ಬೆರಳ ಸಾಕ್ರಿ."

ಸೀಮಾ ಗಾದಿ ಹತ್ತಿದಾಗ ಹೆಂಗಸರ ಮಾತು ನಿಂತಿತು. ಸುಂದ್ರವ್ವ ಅವಳನ್ನು ಕಾಲಿನಿಂದ ತಲೆಯ ತನಕ ನೋಡಿದಳು.

"ಧರೆಪ್ಪ ಎಲ್ಲಿ?"

"ಇವತ್ತ ಸೀಮಾ ತೋರಿಸ್ತಾಳ್ರಿ" ಎಂದಳು ಅಪೂರ್ವ.

"ಮದವಿ ಆಗೇತೇನ ನಿನಗ?"

"ಇಲ್ರಿ ಅತ್ಯಾ."

"ಮದವಿ ಆಗಲಾರದಾಕಿ ಮೂರ್ತದ ಸೀರಿ ತೋರಿಸ್ತಾಳಂತ, ನೋಡ್ರೆವ್ವಾ!"

"ಧರೆಪ್ಪಣ್ಣ ಒಂದ ಸಲಾರ ಸೀರಿ ಉಟ್ಟಾರೇನ್ರಿ ಅತ್ಯಾ? ಅವರ ಮಾತ ಕೇಳಿ ತಗೊಂಡೀರಲ್ಲಾ."

ಹಿಂದೆ ಕೂತಿದ್ದ ಮದುಮಗಳು ಬಾಯಿಗೆ ಸೆರಗು ಒತ್ತಿ ನಕ್ಕಳು. ಇನ್ನಿಬ್ಬರು ನಕ್ಕರು. ಸುಂದ್ರವ್ವ ನಗಲಿಲ್ಲ.

ಧರೆಪ್ಪ ಯಾವಾಗಲೂ ಮುಹೂರ್ತದ ಸೀರೆಯಿಂದ ಶುರುಮಾಡುತ್ತಿದ್ದ. ಸೀಮಾ ಅದನ್ನು ಮುಟ್ಟಲಿಲ್ಲ. ಬಂಧುಬಳಗಕ್ಕೆ ಕೊಡುವ ಆಯೇರಿ ಸೀರೆಗಳ ಗಂಟನ್ನು ಎಳೆದು, "ನೀವ ನೋಡ್ರಿ ಚಿಗವ್ವಾ, ನಿಮಗ ಈ ಕಡ್ಡಿ ಅಂಚು, ನೀವ ಅಕ್ಕಾ, ಬಣ್ಣ ನಿಮ್ಮಂಗ ಐತಿ" ಎನ್ನುತ್ತ ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಒಗೆಯತೊಡಗಿದಳು. ಎರಡು ನಿಮಿಷದಲ್ಲಿ ಹದಿಮೂರು ಹೆಂಗಸರ ತೊಡೆಯ ಮೇಲೂ ಸೀರೆ ಇತ್ತು. ಒಬ್ಬಳು ಇನ್ನೊಬ್ಬಳದನ್ನು ಕಸಿದುಕೊಂಡು ನೋಡಿದಳು. ಮತ್ತೊಬ್ಬಳು ಕೊಡಲಾರೆ ಎಂದಳು.

ಕಾಕಾಸಾಹೇಬ ಬಾಗಿಲಲ್ಲಿ ಬಂದು ನಿಂತ. "ಏಳ್ರಿ. ಬಾಜೂ ಅಂಗಡಿ ನೋಡೂಣು."

ಯಾರೂ ಏಳಲಿಲ್ಲ.

"ಅಕ್ಕಾ, ಏಳ ಬೇ."

"ತಡಿಯೋ ಮಾರಾಯ" ಎಂದಳು ಸುಂದ್ರವ್ವ. ಅವಳ ಕೈಯಲ್ಲಿ ಅರಿಷಿಣ ಬಣ್ಣದ ಇಳಕಲ್ ಸೀರೆ ಇತ್ತು. ಅಂಚನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.

ಅರ್ಧ ತಾಸಾಯಿತು. ಮುಕ್ಕಾಲು ತಾಸಾಯಿತು. ಧರೆಪ್ಪನನ್ನು ಕರೆಯಲು ಯಾರೂ ಹೋಗಲಿಲ್ಲ. ಅಪೂರ್ವ ಗಾಜಿನಿಂದ ನೋಡುತ್ತಲೇ ಇದ್ದಳು. ಅವನು ಎದ್ದು ನಿಂತ, ಮತ್ತೆ ಕೂತ, ಮತ್ತೆ ಎದ್ದ. ಆಮೇಲೆ ರಸ್ತೆ ದಾಟಿದ. ಪಕ್ಕದ ಅಂಗಡಿಗೆ ಹೋಗುತ್ತಾನೇನೋ ಎಂದು ಅವಳು ಕುರ್ಚಿಯಿಂದ ಅರ್ಧ ಎದ್ದಳು. ಬಾಗಿಲು ತೆರೆದುಕೊಂಡಿತು.

"ಅತ್ಯಾ, ಆರಾಮೇನ್ರಿ?"

"ಎಲ್ಲಿ ಸತ್ತಿದ್ಯೋ ಬಾಡ್ಯಾ?"

"ನೀವ ಕರೀತೀರೇನು ಅಂತ ದಾರಿ ಕಾಯಾಕತ್ತಿದ್ನಿ." ಧರೆಪ್ಪ ನಗುತ್ತಲೇ ಗಾದಿಯ ಮೇಲೆ ಕಣ್ಣು ಹಾಯಿಸಿದ. ಆಯೇರಿ ಸೀರೆಗಳು ಆಗಲೇ ಗಂಟಾಗಿ ಒಂದು ಬದಿಗೆ ಹೋಗಿದ್ದವು. ಸೀಮಾಳ ಮುಂದೆ ಮುಹೂರ್ತದ ಸೀರೆಗಳು ಬಿಚ್ಚಿದ್ದವು. "ಇವೆಲ್ಲಾ ಬ್ಯಾಡ್ರಿ ಅತ್ಯಾ. ಮ್ಯಾಲಿನ ಕಪಾಟಿನ್ಯಾಗ ಒಂದ ಪೈಠಣಿ ಐತಿ. ನಿಮ್ಮ ಸಲುವಾಗಿನ ಎತ್ತಿಟ್ಟೀನಿ."

ಹೆಂಗಸರು ಸರಿದು ದಾರಿ ಮಾಡಿಕೊಟ್ಟರು. ಗಾದಿಯ ಅಂಚಿನ ತನಕ ಬಂದು ಅವನು ನಿಂತ. ಸೀಮಾ ಸರಿಯಲಿಲ್ಲ.

"ಧರೆಪ್ಪಣ್ಣ" ಎಂದಳು, ಅವನತ್ತ ನೋಡದೆ. "ಅದನ್ನ ತಗದು ಕೊಡ್ರಿ."

ಲಖನನ ಕತ್ತರಿ ನಿಂತಿತು. ಗಲ್ಲೆಯ ಮೇಲೆ ಫೋನ್ ಹೊಡೆದುಕೊಳ್ಳುತ್ತಿತ್ತು, ಅಪ್ಪನದು. ಅಪೂರ್ವ ಅದನ್ನು ಕವುಚಿ ಹಾಕಿದಳು. ಧರೆಪ್ಪ ಅವಳ ಕಡೆ ನೋಡಿದ. ಅವಳೂ ನೋಡಿದಳು. ಅವನ ಮುಖದ ಮೇಲೆ ನಗು ಇನ್ನೂ ಇತ್ತು, ಆದರೆ ಅದನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಏನ ಲಗ್ನ ಮುಗದ ಮ್ಯಾಲ ತೋರಿಸ್ತೀರೇನು?" ಎಂದಳು ಸುಂದ್ರವ್ವ.

ಧರೆಪ್ಪ ಚಪ್ಪಲಿ ಬಿಟ್ಟ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಗೋಡೆಗೆ ಹಚ್ಚಿ, ಮಂಡಿಯ ಮೇಲೆ ಕೈ ಊರಿ ಹತ್ತಿದ. ರಾಣಿ ಬಣ್ಣದ ಪೈಠಣಿಯನ್ನು ತೆಗೆದು ಕೆಳಗೆ ಚಾಚಿದ. ಸೀಮಾ ಎಡಗೈಯಲ್ಲಿ ಇಸಿದುಕೊಂಡು ಗಾದಿಯುದ್ದಕ್ಕೂ ಬಿಚ್ಚಿದಳು.

ಸುಂದ್ರವ್ವ ಸೆರಗಿನ ನವಿಲನ್ನು ಬೆರಳಿನಿಂದ ತಿಕ್ಕಿದಳು, ಬೆಳಕಿಗೆ ಹಿಡಿದಳು, ಮದುಮಗಳ ಹೆಗಲಿಗೆ ಹಚ್ಚಿ ತಲೆ ವಾರೆ ಮಾಡಿ ನೋಡಿದಳು.

"ಇದು ಬ್ಯಾಡ. ಕಣ್ಣಿಗಿ ಹೊಡೀತೈತಿ."

ಸೀಮಾ ಸೀರೆಯನ್ನು ಬದಿಗೆ ಸರಿಸಿದಳು. ತಿರುಗಿ ನೋಡದೆ ಕೈಯನ್ನು ಹಿಂದಕ್ಕೆ, ಮೇಲಕ್ಕೆ ಎತ್ತಿ ಹಿಡಿದಳು.

"ಅದರ ಬಾಜೂದ್ದು ಕೊಡ್ರಿ."

ಧರೆಪ್ಪ ಸ್ಟೂಲಿನಿಂದ ಇಳಿದಿರಲಿಲ್ಲ. ಒಂದು ಕೈಯಿಂದ ಕಪಾಟಿನ ಅಂಚು ಹಿಡಿದುಕೊಂಡು, ಇನ್ನೊಂದನ್ನು ಒಳಗೆ ಹಾಕಿ ತಡಕಾಡಿದ.